ಮನೆಗೆ ಹೊಲದ ಮರ: ಕಡಿಯುವ ಮುನ್ನ ತಿಳಿಯಬೇಕಾದ ಅಂಶಗಳು

ನಮ್ಮ ಹಿರಿಯರು ಮನೆ ಕಟ್ಟುವಾಗ ಕಂಬ, ತೊಲೆ, ಜಂತೆ, ಬಾಗಿಲು ಎಲ್ಲಕ್ಕೂ ಮರವನ್ನೇ ನಂಬಿದ್ದರು. ಕಾಲಕ್ರಮೇಣ ಕಾಡು ಕ್ಷೀಣಿಸಿ ಮರದ ಬೆಲೆ ಏರಿತು. ಸಿಮೆಂಟು, ಕಬ್ಬಿಣಗಳು ಅದರ ಸ್ಥಾನಕ್ಕೆ ಬಂದವು. ಕಾಡನ್ನು ಉಳಿಸುವ ಉದ್ದೇಶದಿಂದ ಕೇಂದ್ರ ಲೋಕೋಪಯೋಗಿ ಇಲಾಖೆಯು 1993ರಲ್ಲಿ ತನ್ನ ಕಟ್ಟಡಗಳಲ್ಲಿ ಮರದ ಬಳಕೆಯನ್ನು ನಿಷೇಧಿಸಿತ್ತು. ಅದೇ ಇಲಾಖೆ 2020ರಲ್ಲಿ ಈ ನಿಷೇಧವನ್ನು ತೆಗೆದುಹಾಕಿತು. ಈ ಬದಲಾವಣೆಗೆ ಕಾರಣವೇನು, ಬದುವಿನಲ್ಲಿ ಮರ ಬೆಳೆಸುವ ರೈತರು ಇದರಿಂದ ಪ್ರಯೋಜನ ಪಡೆಯಲು ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮರಕ್ಕೆ ಮತ್ತೆ ಬೇಡಿಕೆ ಏಕೆ?

ಪರಿಸರಕ್ಕೆ ಆದಷ್ಟು ಕಡಿಮೆ ಹಾನಿಯಾಗುವಂತೆ ಕಟ್ಟಿದ ಕಟ್ಟಡವನ್ನು 'ಹಸಿರು ಕಟ್ಟಡ' ಎನ್ನುತ್ತಾರೆ. ಸಿಮೆಂಟು ತಯಾರಿಸಲು ಸುಣ್ಣದ ಕಲ್ಲನ್ನು ಸುಮಾರು 1,450 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಸುಡಬೇಕು. ಆಗ ಉರಿಸುವ ಇಂಧನದಿಂದಲೂ, ಕಲ್ಲಿನಿಂದಲೂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಮರದ ರೀತಿ ಇದಕ್ಕೆ ವಿರುದ್ಧವಾದುದು. ಅದು ಬೆಳೆಯುವಾಗ ಈ ಅನಿಲವನ್ನು ಹೀರಿ, ಇಂಗಾಲವನ್ನು ತನ್ನ ಕಾಂಡದಲ್ಲಿ ಕೂಡಿಡುತ್ತದೆ. ಒಣ ಮರದ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಇಂಗಾಲವೇ. 500 ಕಿಲೋ ತೂಗುವ ಒಣ ಮರವು ಗಾಳಿಯಿಂದ ಸುಮಾರು 900 ಕಿಲೋ ಇಂಗಾಲದ ಡೈಆಕ್ಸೈಡ್ ತೆಗೆದಿರುತ್ತದೆ.

ಹೊರದೇಶಗಳಲ್ಲಿ ಹಲಗೆಗಳನ್ನು ಅಡ್ಡಡ್ಡ, ಉದ್ದುದ್ದ ಪದರಗಳಾಗಿ ಅಂಟಿಸಿ ಗೋಡೆ ಮತ್ತು ನೆಲಹಾಸುಗಳನ್ನೇ ತಯಾರಿಸುತ್ತಾರೆ. ನಾರ್ವೆಯಲ್ಲಿ 2019ರಲ್ಲಿ 18 ಅಂತಸ್ತಿನ ಮರದ ಕಟ್ಟಡ ಪೂರ್ಣಗೊಂಡಿತು. ಅಮೆರಿಕದ ಮಿಲ್ವಾಕಿ ನಗರದಲ್ಲಿ 2022ರಲ್ಲಿ ಕಾಂಕ್ರೀಟು ಮತ್ತು ಮರ ಸೇರಿಸಿ 25 ಅಂತಸ್ತು ಕಟ್ಟಿದರು. ಹಳ್ಳಿಯ ಮನೆಗೆ ಇಂತಹ ಕಾರ್ಖಾನೆಯ ಕೆಲಸ ಬೇಕಿಲ್ಲ. ಆದರೆ ಒಂದು ತತ್ವ ಎಲ್ಲ ಕಡೆಯೂ ಒಂದೇ. ಮರ ಕೊಳೆತರೆ ಅಥವಾ ಸುಟ್ಟರೆ ಅದರಲ್ಲಿದ್ದ ಇಂಗಾಲ ಪುನಃ ಗಾಳಿ ಸೇರುತ್ತದೆ. ಆದ್ದರಿಂದ ಒಂದು ಮರ ಬೆಳೆಯಲು ಎಷ್ಟು ವರ್ಷ ಹಿಡಿಯಿತೋ ಕನಿಷ್ಠ ಅಷ್ಟು ವರ್ಷ ಅದು ಮನೆಯಲ್ಲಿ ಬಾಳಬೇಕು. ಅಷ್ಟರಲ್ಲಿ ಅದರ ಜಾಗದಲ್ಲಿ ಇನ್ನೊಂದು ಮರ ಬೆಳೆದಿರಬೇಕು. 20 ವರ್ಷ ಬೆಳೆಸಿದ ಮರವನ್ನು 5 ವರ್ಷದಲ್ಲಿ ಗೆದ್ದಲಿಗೆ ಒಪ್ಪಿಸಿದರೆ ಪರಿಸರಕ್ಕೂ ಲಾಭವಿಲ್ಲ, ಮನೆಯವನಿಗೂ ಇಲ್ಲ.

ಮರದ ಆಯ್ಕೆ

ಬಲಿತ ಮರದ ನಡುವಿನ ಭಾಗ ಚೇಗು. ಅದರ ಸುತ್ತ ಇರುವುದು ಬಿಳಿಯ ಹೊರಮರ. ಹೊರಮರದಲ್ಲಿ ಪಿಷ್ಟವಿರುವುದರಿಂದ ಕುಟ್ಟೆ ಹುಳುವಿಗೆ ಅದು ಒಳ್ಳೆಯ ಆಹಾರ. ತೇಗ, ಹೊನ್ನೆ, ಹಲಸುಗಳ ಚೇಗು ಹೆಚ್ಚು ಬಾಳಿಕೆಯದು. ಆದರೆ ಎಳೆಯ ತೇಗದಲ್ಲಿ ಹೊರಮರದ ಪಾಲೇ ಹೆಚ್ಚು. ತೇಗವೆಂದ ಮಾತ್ರಕ್ಕೆ ಅದಕ್ಕೆ ಹುಳು ಬೀಳುವುದಿಲ್ಲ ಎಂದು ತಿಳಿಯಬಾರದು. ಸಿಲ್ವರ್ ಓಕ್, ಹೆಬ್ಬೇವು, ಮಾವುಗಳನ್ನು ಉಪಚರಿಸಿ ಮನೆಯ ಒಳಭಾಗದ ಕೆಲಸಕ್ಕೆ ಬಳಸಬಹುದು. ನೀಲಗಿರಿ ಒಣಗುವಾಗ ಸೀಳುವುದೂ ಸೊಟ್ಟಗಾಗುವುದೂ ಹೆಚ್ಚು.

ಉಪಚಾರ

ಮಳೆಗಾಲ ಮುಗಿದ ಮೇಲೆ, ಬೇಸಿಗೆಯ ಬಿಸಿಲು ಏರುವ ಮುನ್ನ ಮರ ಕಡಿಯುವುದು ಸೂಕ್ತ. ದಿಮ್ಮಿಯನ್ನು ಹೊಲದಲ್ಲಿ ಬಹುಕಾಲ ಬಿಡದೆ ಬೇಗ ಕೊಯ್ಯಿಸಬೇಕು. ಬೇಗ ಹುಳು ಬೀಳುವ ಜಾತಿಗಳಿಗೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ಉಪಚಾರ ಉತ್ತಮ. ಈ ಲವಣಗಳು ಮರದಲ್ಲಿರುವ ನೀರಿನ ಮೂಲಕವೇ ಒಳಕ್ಕೆ ಹರಡುವುದರಿಂದ ಹಲಗೆ ಹಸಿಯಾಗಿರುವಾಗಲೇ ಉಪಚರಿಸಬೇಕು.

ಬಿದಿರಿಗೂ ಇದೇ ಕ್ರಮ. ಮೂರು ವರ್ಷ ತುಂಬಿದ ಗಳಗಳನ್ನು ಆರಿಸಿ, ಗೆಣ್ಣಿನ ಒಳಗಿನ ಪರದೆಗಳಿಗೆ ತೂತು ಕೊರೆಯಬೇಕು. 100 ಲೀಟರ್ ನೀರಿಗೆ 3 ಕಿಲೋ ಬೋರಾಕ್ಸ್, 2 ಕಿಲೋ ಬೋರಿಕ್ ಆಮ್ಲ ಕರಗಿಸಿ, ಅದರಲ್ಲಿ ಗಳಗಳನ್ನು ಒಂದರಿಂದ ಎರಡು ವಾರ ಪೂರ್ಣ ಮುಳುಗಿಸಿಡಬೇಕು. ಕೈಗವಸು ಧರಿಸಬೇಕು. ದ್ರಾವಣವನ್ನು ಮಕ್ಕಳು, ದನಕರುಗಳಿಂದ ದೂರವಿಡಬೇಕು. ಉಳಿದದ್ದನ್ನು ಕೆರೆ, ಬಾವಿ, ಬೆಳೆಯ ಬಳಿ ಚೆಲ್ಲಬಾರದು. ಈ ಲವಣ ಮಳೆಯಲ್ಲಿ ತೊಳೆದುಹೋಗುವುದರಿಂದ ಹೀಗೆ ಉಪಚರಿಸಿದ ಮರ, ಬಿದಿರುಗಳನ್ನು ಸೂರಿನ ಕೆಳಗೆ ಮಾತ್ರ ಬಳಸಬೇಕು.

ಹದ ಮಾಡುವುದು

ಹಸಿ ಮರದಲ್ಲಿ ಅದರ ಒಣ ತೂಕದ ಅರ್ಧಕ್ಕಿಂತ ಹೆಚ್ಚು ನೀರಿರುವುದು ಸಾಮಾನ್ಯ. ತೇವಾಂಶ ಶೇ. 30ರ ಆಸುಪಾಸಿನಿಂದ ಕೆಳಗಿಳಿದಂತೆ ಮರ ಕುಗ್ಗತೊಡಗುತ್ತದೆ. ಹಸಿ ಮರದಲ್ಲಿ ಮಾಡಿದ ಬಾಗಿಲು ಬೇಸಿಗೆಯಲ್ಲಿ ಸಂದು ಬಿಡುವುದು ಇದರಿಂದಲೇ. ಶೇ. 20ಕ್ಕಿಂತ ಕಡಿಮೆ ತೇವವಿದ್ದರೆ ಬೂಷ್ಟು ಬೆಳೆದು ಮರ ಕೊಳೆಯುವುದಿಲ್ಲ. ಹದ ಮಾಡುವ ಕ್ರಮ ಹೀಗಿದೆ:

1. ಹಲಗೆಗಳ ಎರಡೂ ತುದಿಗೆ ಡಾಂಬರು ಅಥವಾ ದಪ್ಪ ಬಣ್ಣ ಬಳಿಯಬೇಕು. ಇದರಿಂದ ತುದಿ ಬೇಗ ಒಣಗಿ ಸೀಳುವುದು ತಪ್ಪುತ್ತದೆ.

2. ಗಾಳಿಯಾಡುವ ನೆರಳಿನಲ್ಲಿ, ನೆಲದಿಂದ ಒಂದು ಅಡಿ ಎತ್ತರದಲ್ಲಿ ಹಲಗೆಗಳನ್ನು ಅಟ್ಟಿಯಾಗಿ ಪೇರಿಸಬೇಕು.

3. ಪದರ ಪದರಕ್ಕೂ ನಡುವೆ ಒಂದು ಅಂಗುಲ ದಪ್ಪದ ಒಣ ರೀಪುಗಳನ್ನು ಒಂದರ ಮೇಲೊಂದು ನೇರವಾಗಿ ಬರುವಂತೆ ಇಡಬೇಕು. ಮೇಲೆ ಭಾರ ಹೇರಿದರೆ ಹಲಗೆ ಸೊಟ್ಟಗಾಗದು.

4. ಒಂದು ತುಂಡನ್ನು ಗುರುತು ಮಾಡಿ ವಾರಕ್ಕೊಮ್ಮೆ ತೂಗಬೇಕು. ತೂಕ ಇಳಿಯುವುದು ನಿಂತಾಗ ಹದ ಬಂದಿದೆ ಎಂದು ತಿಳಿಯಬೇಕು.

ಅಂಗುಲ ದಪ್ಪದ ಹಲಗೆಗೆ ಒಣ ಹವೆಯಲ್ಲಿ ಕೆಲವು ತಿಂಗಳು ಸಾಕು. ತೊಲೆಗಳಿಗೆ ವರ್ಷ ಮೀರಬಹುದು. ಮನೆ ಕಟ್ಟುವಾಗ ಕಂಬಗಳನ್ನು ಮಣ್ಣಿಗೆ ತಾಗಿಸದೆ ಕಲ್ಲಿನ ಮೇಲೆ ನಿಲ್ಲಿಸುವ ಹಳೆಯ ಪದ್ಧತಿಯನ್ನು ಕೈಬಿಡಬಾರದು.

ಅಳತೆ ಮತ್ತು ಕಾನೂನು

ಮರ ಮಾರುವವರು ಅಳತೆಯ ಲೆಕ್ಕ ತಿಳಿದಿರಬೇಕು. ದಿಮ್ಮಿಯ ನಡುವಿನ ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಪುನಃ ಉದ್ದದಿಂದ ಗುಣಿಸುವುದು ರೂಢಿ. ಸುತ್ತಳತೆ 4 ಅಡಿ, ಉದ್ದ 10 ಅಡಿ ಇದ್ದರೆ 10 ಘನ ಅಡಿ ಬರುತ್ತದೆ. ದುಂಡು ದಿಮ್ಮಿಯ ನಿಜವಾದ ಗಾತ್ರ ಸುಮಾರು 12.7 ಘನ ಅಡಿ. ಉಳಿದದ್ದನ್ನು ಕೊಯ್ಯುವಾಗಿನ ನಷ್ಟಕ್ಕೆಂದು ಬಿಡುತ್ತಾರೆ. ಬೆಲೆ ಮಾತನಾಡುವಾಗ ಯಾವ ಅಳತೆಯೆಂದು ಮೊದಲೇ ಖಚಿತಪಡಿಸಿಕೊಳ್ಳುವುದು ಒಳಿತು.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಸರ್ವೆ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. 2017ರ ತಿದ್ದುಪಡಿಯಿಂದ ಕಾಡಿನ ಹೊರಗೆ ಬೆಳೆದ ಬಿದಿರನ್ನು ಭಾರತ ಅರಣ್ಯ ಕಾಯ್ದೆಯ 'ಮರ' ಎಂಬ ವ್ಯಾಖ್ಯೆಯಿಂದ ಕೈಬಿಡಲಾಗಿದೆ. ಕೊಡಲಿ ಎತ್ತುವ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು.

ಮನೆ ಕಟ್ಟುವ ಯೋಚನೆಯುಳ್ಳ ರೈತರು ಒಂದೆರಡು ವರ್ಷ ಮೊದಲೇ ಮರ ಕೊಯ್ಯಿಸಿ ಹದಕ್ಕಿಡಬೇಕು. ಕಡಿದ ಜಾಗದಲ್ಲಿ ಆ ವರ್ಷದ ಮುಂಗಾರಿಗೇ ಸಸಿ ನೆಡಬೇಕು. ಹೀಗೆ ಮಾಡಿದಲ್ಲಿ ಮನೆಗೆ ಬಾಳಿಕೆ ಬರುತ್ತದೆ, ಮುಂದಿನ ಪೀಳಿಗೆಗೂ ಬದುವಿನಲ್ಲಿ ಮರ ಉಳಿಯುತ್ತದೆ.