ಹಾರ ಹಾಕಿಸಿಕೊಂಡ ಮರುದಿನ

ಸರ್ಕಾರಿ ದಾಖಲೆಗಳನ್ನು ನಂಬುವುದಾದರೆ ನಮ್ಮ ಹಿಂದಿನ ತಲೆಮಾರಿನ ಬಹಳಷ್ಟು ಮಂದಿ ಹುಟ್ಟಿದ್ದು ಜೂನ್ 1ರಂದು. ಶಾಲೆಗೆ ಸೇರಿಸಲು ಬಂದ ಅಪ್ಪನಿಗೆ ತಾರೀಖು ಗೊತ್ತಿರುತ್ತಿರಲಿಲ್ಲ. 'ಕೆರೆ ಕೋಡಿ ಬಿದ್ದ ವರ್ಷ' ಅಂದರೆ ಹೆಡ್‌ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿ, ವಯಸ್ಸು ಸರಿಹೊಂದುವ ಹಾಗೆ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ತಿಂಗಳ ಮೊದಲ ದಿನ ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನವೇ ವಯೋನಿವೃತ್ತಿ. ಹೀಗಾಗಿ ಪ್ರತಿವರ್ಷ ಮೇ 31ರ ಸಂಜೆ ನಮ್ಮ ಕಚೇರಿಗಳಲ್ಲಿ ಬೀಳ್ಕೊಡುಗೆಗಳ ಸುಗ್ಗಿ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರ. 'ಅವರದು ಮಗುವಿನಂಥ ಮನಸ್ಸು' ಎಂದು ಮೂವತ್ತು ವರ್ಷ ಜಗಳವಾಡಿದ ಸಹೋದ್ಯೋಗಿಯ ಭಾಷಣ.

ಬೀಳ್ಕೊಡುವುದರಲ್ಲಿ ನಾವು ಪಳಗಿದವರು. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಆ ಮನುಷ್ಯ ಏನು ಮಾಡಬೇಕು ಎಂಬುದಕ್ಕೆ ಮಾತ್ರ ನಮ್ಮಲ್ಲಿ ಯಾವ ಶಾಸ್ತ್ರವೂ ಇಲ್ಲ.

ಫ್ರಾನ್ಸಿನ ವಿದ್ವಾಂಸ ಆರ್ನಾಲ್ಡ್ ವಾನ್ ಗೆನಪ್ 1909ರಲ್ಲೇ ಹುಟ್ಟು, ಮದುವೆ, ಸಾವಿನ ಆಚರಣೆಗಳನ್ನು ಪರಿಶೀಲಿಸಿ ಒಂದು ಮಾತು ಹೇಳಿದ್ದ: ಹಳೆಯ ಸ್ಥಿತಿಯಿಂದ ಬಿಡಿಸಿಕೊಳ್ಳುವುದು, ಅಲ್ಲೂ ಇಲ್ಲೂ ಸಲ್ಲದ ನಡುಗಾಲ, ಹೊಸ ಸ್ಥಿತಿಯೊಳಕ್ಕೆ ಸೇರಿಕೊಳ್ಳುವುದು ಎಂಬ ಮೂರು ಹಂತ ಎಲ್ಲ ಕಡೆಯೂ ಇರುತ್ತವೆ ಎಂದು. ಬಾಣಂತಿಯನ್ನು ಕೋಣೆಯಲ್ಲಿ ಕೂರಿಸುವ, ಸಾವಿನ ಮನೆಯಲ್ಲಿ ಸೂತಕ ಹಿಡಿಯುವ ನಮಗೆ ಇದು ಹೊಸದೇನಲ್ಲ. ಅಮೆರಿಕದಲ್ಲಿ ಸಾಹಿತ್ಯದ ಮೇಷ್ಟ್ರಾಗಿದ್ದು ಕೆಲಸ ಬಿಟ್ಟ ವಿಲಿಯಂ ಬ್ರಿಡ್ಜಸ್ 1980ರ ತನ್ನ ಪುಸ್ತಕದಲ್ಲಿ ಇದೇ ಎಳೆಯನ್ನು ಆಧುನಿಕ ಬದುಕಿಗೆ ತಂದ. ಹೊರಗಿನ ಬದಲಾವಣೆ ಒಂದು ದಿನದಲ್ಲಿ ಮುಗಿಯುತ್ತದೆ, ಒಳಗಿನದು ತನ್ನದೇ ಕಾಲ ತೆಗೆದುಕೊಳ್ಳುತ್ತದೆ, ಅದರಲ್ಲೂ ಆ ನಡುವಿನ ಖಾಲಿ ದಿನಗಳಲ್ಲೇ ನಿಜವಾದ ಕೆಲಸ ನಡೆಯುವುದು ಎಂಬುದು ಅವನ ವಾದದ ಸಾರ. ನನಗಂತೂ ಇದು ಮನಶ್ಶಾಸ್ತ್ರಕ್ಕಿಂತ ಹೆಚ್ಚಾಗಿ ಅನುಭವದ ಮಾತಾಗಿ ಕಾಣುತ್ತದೆ.

ಸೂತಕಕ್ಕಾದರೆ ದಿನಗಳ ಲೆಕ್ಕವಿದೆ. ನಿವೃತ್ತಿಗೆ ಅದೂ ಇಲ್ಲ. 1967ರಲ್ಲಿ ಹೋಮ್ಸ್ ಮತ್ತು ರಾಹೆ ಎಂಬ ಇಬ್ಬರು ಅಮೆರಿಕನ್ ಮನೋವೈದ್ಯರು ಬದುಕಿನ ಬದಲಾವಣೆಗಳಿಗೆ ಅವುಗಳ ಭಾರಕ್ಕೆ ತಕ್ಕಂತೆ ಅಂಕ ಕೊಟ್ಟು ಒಂದು ಪಟ್ಟಿ ಮಾಡಿದರು. ಸಂಗಾತಿಯ ಸಾವಿಗೆ 100, ಮದುವೆಗೆ 50, ನಿವೃತ್ತಿಗೆ 45. ಹಣಕಾಸಿನ ಸ್ಥಿತಿ ಬದಲಾದರೆ 38, ಮಕ್ಕಳು ಮನೆಬಿಟ್ಟು ಹೋದರೆ 29, ವಾಸದ ಮನೆ ಬದಲಾದರೆ 20. ಅಂಕಗಳನ್ನು ಅಷ್ಟಾಗಿ ನಂಬಬೇಕಿಲ್ಲ. ಆದರೆ ಕ್ವಾರ್ಟರ್ಸ್ ಖಾಲಿ ಮಾಡಿ, ಸಂಬಳದಿಂದ ಪಿಂಚಣಿಗೆ ಇಳಿದು, ಮಗಳನ್ನು ಮದುವೆ ಮಾಡಿ ಕಳಿಸಿದ ನಮ್ಮ ನೌಕರನಿಗೆ ನಿವೃತ್ತಿಯೂ ಸೇರಿ ಈ ನಾಲ್ಕೂ ಒಂದೇ ವರ್ಷದಲ್ಲಿ ಮೇಲೆ ಬೀಳುವುದುಂಟು. ಹಿಂದೆಯೇ ಷಷ್ಟ್ಯಬ್ದಿ ಬೇರೆ. 2008ರಲ್ಲಿ ನಿವೃತ್ತಿ ವಯಸ್ಸು 58ರಿಂದ 60ಕ್ಕೆ ಏರಿದ ಮೇಲೆ ಎರಡೂ ಒಟ್ಟಿಗೇ ಬರುತ್ತಿವೆ.

ನನಗೆ ಪರಿಚಯದ ಶಿರಸ್ತೇದಾರರೊಬ್ಬರಿದ್ದರು. ಕಟ್ಟುನಿಟ್ಟಿನವರು, ಕೈ ಶುದ್ಧವಿದ್ದವರು, ಆದರೆ ಬಂದವರನ್ನು ಕಣ್ಣೆತ್ತಿ ನೋಡುತ್ತಿರಲಿಲ್ಲ. 'ಪರಿಶೀಲಿಸಿ ಮಂಡಿಸಿ' ಎಂದು ಬರೆದು ಬರೆದು ಮನೆಯಲ್ಲೂ ಅದೇ ಧಾಟಿ; ಹೆಂಡತಿ ಗ್ಯಾಸ್ ಮುಗಿದಿದೆ ಅಂದರೆ 'ನೋಡೋಣ' ಅನ್ನುತ್ತಿದ್ದರಂತೆ. ನಿವೃತ್ತರಾದ ಹೊಸದರಲ್ಲಿ ಒಂಬತ್ತೂವರೆಗೆ ಇಸ್ತ್ರಿ ಮಾಡಿದ ಷರ್ಟು ತೊಟ್ಟು ವರಾಂಡದಲ್ಲಿ ಕೂರುತ್ತಿದ್ದರು. ಪೇಪರನ್ನು ಎರಡೆರಡು ಸಲ ಓದುವುದು, ಸಾರಿನ ಪುಡಿ ಡಬ್ಬಕ್ಕೆ ಚೀಟಿ ಅಂಟಿಸುವುದು. ಅಡುಗೆಮನೆಗೆ ಹೊಸ ಸಾಹೇಬರು ಬಂದ ಹಾಗಾಗಿ ಹೆಂಡತಿ ಕಂಗಾಲು.

ಅವರನ್ನು ಬದಲಿಸಿದ್ದು ಯೋಗ ಶಿಬಿರವಲ್ಲ, ಪ್ರವಚನವಲ್ಲ. ಅವರದೇ ಪಿಂಚಣಿ ಕಡತ. ಸೇವಾ ಪುಸ್ತಕದಲ್ಲಿ ಎಂದೋ ಪಡೆದ ಒಂದು ಬಡ್ತಿಯ ನಮೂದಿಗೆ ಸಹಿ ಇರಲಿಲ್ಲ. ಅದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದರು. ಬಾಗಿಲ ಬಳಿ ಬೆಂಚಿನ ಮೇಲೆ ಕೂತರು. ಮೊಮ್ಮಗನ ವಯಸ್ಸಿನ ಗುಮಾಸ್ತ ತಲೆಯೆತ್ತದೆ 'ನಾಳೆ ಬನ್ನಿ' ಅಂದ. ಸಿಟ್ಟು ಬಂತಂತೆ, ಆಮೇಲೆ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದವರ ಕಡೆ ನೋಡಿದರಂತೆ. ಪಹಣಿಯಲ್ಲಿ ಹೆಸರು ತಪ್ಪಾದ ಒಬ್ಬ ರೈತ, ವಿಧವಾ ವೇತನ ನಿಂತುಹೋದ ಒಬ್ಬ ಹೆಂಗಸು. 'ಇವರನ್ನೆಲ್ಲ ನಾನು ಇಷ್ಟು ವರ್ಷ ಅರ್ಜಿ ಅಂತ ನೋಡಿದ್ದೆ ಕಣ್ರಿ' ಎಂದಷ್ಟೇ ಹೇಳಿ ಮಾತು ಬದಲಿಸಿದರು. ಈಗ ವಾರಕ್ಕೊಂದೆರಡು ದಿನ ತಾಲ್ಲೂಕು ಕಚೇರಿ ಮುಂದೆ ಕೂತು ಕೇಳಿದವರಿಗೆ ಅರ್ಜಿ ಬರೆದುಕೊಡುತ್ತಾರೆ, ಯಾವ ಕಾಗದ ಜೊತೆಗಿಡಬೇಕು ಎಂದು ಹೇಳುತ್ತಾರೆ. ದುಡ್ಡು ಮುಟ್ಟುವುದಿಲ್ಲ. ಮೊದಲು ಹೆಸರು, ಊರು ಕೇಳುತ್ತಾರೆ, ವಿಷಯ ಆಮೇಲೆ.

ನಿವೃತ್ತಿಯ ನಂತರ ಅರಳಿದವರು ಅಂದಕೂಡಲೇ ನಾವು ಮಾಸ್ತಿಯವರ ಹೆಸರೆತ್ತುತ್ತೇವೆ. ಮೈಸೂರು ಸರ್ಕಾರದ ದೊಡ್ಡ ಹುದ್ದೆಯಲ್ಲಿದ್ದವರು ತಮಗಿಂತ ಕಿರಿಯರಿಗೆ ಬಡ್ತಿ ಸಿಕ್ಕಾಗ 1943ರಲ್ಲಿ ಕೆಲಸ ಬಿಟ್ಟರು. ಮರುವರ್ಷದಿಂದ 'ಜೀವನ' ಪತ್ರಿಕೆ, 1956ರಲ್ಲಿ 'ಚಿಕವೀರ ರಾಜೇಂದ್ರ', 1983ರ ಜ್ಞಾನಪೀಠ. ನೌಕರಿ ಬಿಟ್ಟ ಮೇಲೂ ನಲವತ್ತಕ್ಕಿಂತ ಹೆಚ್ಚು ವರ್ಷ ಬಾಳಿದರು. ದೊಡ್ಡ ಉದಾಹರಣೆಯೇ; ಆದರೆ ಅವರ ಮೊದಲ ಕಥಾಸಂಕಲನ ಬಂದದ್ದು 1920ರಲ್ಲಿ. ಫೈಲುಗಳ ನಡುವೆಯೇ ಎರಡನೆಯ ಬದುಕೊಂದನ್ನು ಅವರು ಬಹಳ ಮೊದಲೇ ಕಟ್ಟಿಕೊಂಡಿದ್ದರು. ಅಂಥದ್ದು ಇಲ್ಲದವರಿಗೆ ಮಾಸ್ತಿಯವರನ್ನು ತೋರಿಸಿ ಹುರಿದುಂಬಿಸುವುದು ಅಷ್ಟು ನ್ಯಾಯವಲ್ಲ. ನನಗೆ ಹೆಚ್ಚು ಹತ್ತಿರವೆನ್ನಿಸುವವರು ಸಾರಾ ಅಬೂಬಕ್ಕರ್. ಮನೆವಾರ್ತೆಯಲ್ಲಿ ಮುಳುಗಿದ್ದ ಅವರು ಬರೆಯತೊಡಗಿದ್ದು ನಲವತ್ತು ದಾಟಿದ ಮೇಲೆ. 1981ರಲ್ಲಿ 'ಚಂದ್ರಗಿರಿಯ ತೀರದಲ್ಲಿ' ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು.

ಹೆಂಗಸರ ಮಾತು ಬಂದಿದ್ದರಿಂದ ಹೇಳುತ್ತೇನೆ. ನಿವೃತ್ತರಾದ ಶಿಕ್ಷಕಿಗೆ ವರಾಂಡದಲ್ಲಿ ಕೂತು ಬೇಸರಪಡುವ ಭಾಗ್ಯವೂ ಇಲ್ಲ. ಮೇ 31ಕ್ಕೆ ಶಾಲೆ ಬಿಟ್ಟರೆ ಜೂನ್‌ನಲ್ಲಿ ಮಗಳ ಬಾಣಂತನಕ್ಕೆ ಡಲ್ಲಾಸೋ ಸ್ಯಾನ್ ಹೋಸೆಯೋ. ಆರು ತಿಂಗಳು ಅಳಿಯನ ಮನೆಯಲ್ಲಿ ಅಡುಗೆ, ಮಗುವಿನ ಸ್ನಾನ, ಹೊರಗೆ ಹೋಗಬೇಕೆಂದರೆ ಯಾರಾದರೂ ಕಾರು ತೆಗೆಯಬೇಕು. ಮೂವತ್ತೈದು ವರ್ಷ ಒಂದು ತರಗತಿಯನ್ನು ಕಣ್ಣಲ್ಲೇ ಆಳಿದವರು ಡಿಶ್‌ವಾಷರ್ ಗುಂಡಿ ಒತ್ತಲು ಕೇಳಿ ಕಲಿಯಬೇಕು. ಇದನ್ನು ತ್ಯಾಗ ಎಂದು ಹೊಗಳಿ ಮುಗಿಸುವವರೇ ಹೆಚ್ಚು. ಆ ನಡುಗಾಲ ಅವರಿಗೂ ಬೇಕಲ್ಲವೇ ಎಂದು ಮಕ್ಕಳು ಕೇಳುವುದಿಲ್ಲ, ಕೇಳಿದರೂ ಆ ತಾಯಿ 'ನನಗೇನು ಬೇಜಾರು' ಅಂದುಬಿಡುತ್ತಾಳೆ.

ಗಂಡಸರು ಖಾಲಿತನಕ್ಕೆ ಹೆದರಿ ಬೇರೆ ದಾರಿ ಹಿಡಿಯುತ್ತಾರೆ. ಬಡಾವಣೆಯ ಸಂಘಕ್ಕೆ ಅಧ್ಯಕ್ಷ, ದೇವಸ್ಥಾನದ ಸಮಿತಿಗೆ ಕಾರ್ಯದರ್ಶಿ, ಲೆಟರ್‌ಹೆಡ್‌ನಲ್ಲಿ ಹಳೆಯ ಹುದ್ದೆಯ ಹಿಂದೆ 'ನಿವೃತ್ತ' ಎಂಬ ಪದ. ಸಂಘಗಳು ಬೇಡವೆಂದಲ್ಲ. ಆದರೆ ಕುರ್ಚಿಯಿಂದ ಕುರ್ಚಿಗೆ ಹಾರಿದವನ ಒಳಗೆ ಏನೂ ಬದಲಾಗಿರುವುದಿಲ್ಲ. ಪಾರ್ಕಿನಲ್ಲಿ ನಾಯಿ ಕಟ್ಟುವ ವಿಷಯಕ್ಕೂ ಅವನು ಜ್ಞಾಪನ ಹೊರಡಿಸುತ್ತಾನೆ. ಆ ಶಿರಸ್ತೇದಾರರೂ ಮೊದಲ ತಿಂಗಳಲ್ಲೇ ಯಾವುದಾದರೂ ಸಮಿತಿ ಸೇರಿದ್ದರೆ, ಬೆಂಚಿನ ಮೇಲೆ ಕೂತದ್ದು ಬರೀ ಅವಮಾನವಾಗಿ ಉಳಿದು, ಕೊನೆಗೆ ಮೇಲಧಿಕಾರಿಗೆ ದೂರಾಗಿ ಮುಗಿಯುತ್ತಿತ್ತೇನೋ.

ಇಲಾಖೆಗಳು ನಿವೃತ್ತಿ ಸಮೀಪಿಸಿದವರಿಗೆ ಹೇಳಿಕೊಡುವುದು ಕಮ್ಯುಟೇಷನ್, ಗ್ರಾಚ್ಯುಟಿ, ಕೆಜಿಐಡಿ, ನವೆಂಬರಿನಲ್ಲಿ ಕೊಡಬೇಕಾದ ಜೀವನ ಪ್ರಮಾಣಪತ್ರ, ಇಷ್ಟನ್ನೇ. ಬೇಕಾದ ಮಾಹಿತಿಯೇ. ಉಳಿದದ್ದನ್ನು ಅವರವರೇ ಮಾಡಿಕೊಳ್ಳಬೇಕು. ನಮ್ಮ ನೌಕರರು ಗಳಿಕೆ ರಜೆಯನ್ನು ಹನಿಹನಿಯಾಗಿ ಕೂಡಿಟ್ಟು ಕೊನೆಗೆ 300 ದಿನಗಳವರೆಗೆ ನಗದು ಮಾಡಿಕೊಳ್ಳುತ್ತಾರೆ. ಅಂದರೆ ಕೆಲಸವಿಲ್ಲದೆ ಇರುವುದನ್ನು ಕಲಿಯಬಹುದಾಗಿದ್ದ ಹತ್ತು ತಿಂಗಳನ್ನು ಮಾರುತ್ತಾರೆ. ಮಗಳ ಮದುವೆ ಸಾಲ ಇರುವವರಿಗೆ ಆ ದುಡ್ಡು ಬೇಕು, ಒಪ್ಪೋಣ. ಆದರೆ 300 ತುಂಬಿದ ಮೇಲೆ ಹೆಚ್ಚಿನ ರಜೆ ಹೇಗೂ ಖಾತೆಗೆ ಸೇರುವುದಿಲ್ಲ. ನಿವೃತ್ತಿಗೆ ಒಂದೆರಡು ವರ್ಷ ಉಳಿದಿರುವವರು ಆ ರಜೆಯಲ್ಲಿ ಹದಿನೈದು ದಿನ ತೆಗೆದುಕೊಳ್ಳಿ. ತಿರುಪತಿಗೂ ಬೇಡ, ಮಗನ ಮನೆಗೂ ಬೇಡ. ಮನೆಯಲ್ಲೇ ಇರಿ, ಆಫೀಸಿನ ಫೋನ್ ಎತ್ತಬೇಡಿ. ಮನೆಯವರಿಗೆ ಮಾತ್ರ ಮೊದಲೇ ಹೇಳಿ, ಅವರಿಗೂ ತಯಾರಿ ಬೇಕು.