ಬಾಣಂತನ ಮುಗಿಸಿ ಕೆಲಸಕ್ಕೆ ಹೊರಟವರಿಗೆ: ಎದೆಹಾಲು ಹಿಂಡಿಡುವುದು ಹೇಗೆ?

ಬೆಳಿಗ್ಗೆ 8 ಗಂಟೆಯ ಹೊತ್ತಿಗೆ ಚಳ್ಳಕೆರೆಯ ಬಸ್ ನಿಲ್ದಾಣದಲ್ಲಿ ಬಳ್ಳಾರಿ ಕಡೆಯ ಬಸ್ಸಿಗೆ ಕಾಯುವವರಲ್ಲಿ ಶಿಕ್ಷಕಿಯರು, ನರ್ಸ್‌ಗಳು, ಬ್ಯಾಂಕ್ ನೌಕರರು ಇರುತ್ತಾರೆ. ಒಬ್ಬರಿಗೆ ತಳಕು, ಇನ್ನೊಬ್ಬರಿಗೆ ರಾಂಪುರ, ಮತ್ತೊಬ್ಬರಿಗೆ ಮೊಳಕಾಲ್ಮುರು. ಇವರ ನಡುವೆ ನಾಲ್ಕೈದು ತಿಂಗಳ ಹಿಂದಷ್ಟೇ ಹೆತ್ತ ತಾಯಿಯೊಬ್ಬಳು ಇದ್ದಾಳೆಂದು ಭಾವಿಸಿ. ಕೂಸು ಮನೆಯಲ್ಲಿ ಅಜ್ಜಿಯ ಮಡಿಲಲ್ಲಿದೆ. ತಾಯಿ ಮರಳುವುದು ಸಂಜೆ 6ಕ್ಕೆ. ಹನ್ನೊಂದರ ಹೊತ್ತಿಗೆ ಎದೆ ಕಟ್ಟಿ ನೋಯತೊಡಗುತ್ತದೆ, ಮಧ್ಯಾಹ್ನಕ್ಕೆ ರವಿಕೆ ಒದ್ದೆಯಾಗುತ್ತದೆ, ಸೆರಗು ಹೊದ್ದು ಮರೆಮಾಡಬೇಕಾಗುತ್ತದೆ. ಎರಡು ಮೂರು ವಾರ ಕಳೆದರೆ ರವಿಕೆ ಒದ್ದೆಯಾಗುವುದು ತಾನಾಗಿಯೇ ನಿಲ್ಲುತ್ತದೆ. "ಕೆಲಸಕ್ಕೆ ಹೋದಳು, ಹಾಲು ಬತ್ತಿತು" ಎಂದು ಮನೆಯವರು ತೀರ್ಮಾನಿಸಿ ಡಬ್ಬಿಯ ಪುಡಿಹಾಲು ತರುತ್ತಾರೆ.

ಹಾಲು ಬತ್ತಿದ್ದು ಆಕೆ ಕೆಲಸಕ್ಕೆ ಹೋದದ್ದರಿಂದಲ್ಲ, ಆ ಹತ್ತು ಗಂಟೆಗಳ ಕಾಲ ಹಾಲನ್ನು ಹೊರತೆಗೆಯದೇ ಇದ್ದುದರಿಂದ. ಈ ವ್ಯತ್ಯಾಸ ತಿಳಿದರೆ ಅನೇಕ ಮಕ್ಕಳಿಗೆ ತಾಯಿಯ ಹಾಲು ಇನ್ನೂ ಹಲವು ತಿಂಗಳು ಸಿಗಬಹುದು.

ಎದೆಹಾಲು ಕೊಡದಲ್ಲಿ ತುಂಬಿಟ್ಟ ನೀರಿನಂತಲ್ಲ, ಸೇದಿದಷ್ಟೂ ಊರುವ ಬಾವಿಯ ಸೆಲೆಯಂತೆ. ಎದೆ ಬರಿದಾದಷ್ಟೂ ದೇಹ ಹೆಚ್ಚು ಹಾಲನ್ನು ಉತ್ಪಾದಿಸುತ್ತದೆ. ತುಂಬಿಕೊಂಡೇ ಉಳಿದರೆ ಬೇಡಿಕೆ ಇಲ್ಲವೆಂದು ತಿಳಿದು ಉತ್ಪಾದನೆಯನ್ನು ಇಳಿಸುತ್ತದೆ. ಹಾಲನ್ನು ತಯಾರಿಸುವುದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನ ಕೆಲಸ. ಅದು ರಾತ್ರಿಯ ವೇಳೆ ಹೆಚ್ಚಾಗಿ ಸ್ರವಿಸುತ್ತದೆ. ತಯಾರಾದ ಹಾಲನ್ನು ಹೊರಕ್ಕೆ ನೂಕುವುದು ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನು. ದನ ಕಟ್ಟಿದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರುವನ್ನು ಮೊದಲು ಕೆಚ್ಚಲಿಗೆ ಬಿಟ್ಟು, ಹಸು ತೊರೆ ಬಿಟ್ಟ ಮೇಲೆಯೇ ಕರೆಯಲು ಕೂರುವುದು ವಾಡಿಕೆ. ಬೆದರಿದ ಹಸು ತೊರೆ ಬಿಡುವುದಿಲ್ಲ. ಮನುಷ್ಯರಲ್ಲಿಯೂ ಹಾಗೆಯೇ. ಬಾಗಿಲು ಯಾರು ತಟ್ಟುವರೋ ಎಂಬ ಅಂಜಿಕೆಯಲ್ಲಿ ಕುಳಿತ ತಾಯಿಗೆ ಎದೆಯಲ್ಲಿ ಹಾಲಿದ್ದರೂ ಇಳಿಯುವುದಿಲ್ಲ. ಮಗುವಿನ ಫೋಟೋ ನೋಡುವುದು, ಅದರ ಬಟ್ಟೆಯ ವಾಸನೆ ತೆಗೆದುಕೊಳ್ಳುವುದು, ಮೊಬೈಲಿನಲ್ಲಿ ಅದರ ದನಿ ಕೇಳುವುದು ಇವೆಲ್ಲ ಹಾಲು ಇಳಿಯಲು ನಿಜಕ್ಕೂ ನೆರವಾಗುತ್ತವೆ.

<b>ಯಂತ್ರಕ್ಕಿಂತ ಮೊದಲು ಕೈ</b>

ಬ್ರೆಸ್ಟ್ ಪಂಪ್ ಇಲ್ಲದಿದ್ದರೆ ಹಾಲು ಹಿಂಡಿಡಲಾಗದು ಎಂಬುದು ತಪ್ಪು ತಿಳಿವಳಿಕೆ. ಕೈಯಿಂದ ಹಿಂಡುವ ವಿಧಾನವನ್ನು ಆಶಾ ಕಾರ್ಯಕರ್ತೆಯಿಂದಲೋ ಆಸ್ಪತ್ರೆಯ ನರ್ಸ್‌ನಿಂದಲೋ ಕಲಿಯಬಹುದು. ಖರ್ಚಿಲ್ಲ, ಕರೆಂಟೂ ಬೇಕಿಲ್ಲ. ಮೊದಲು ಕೈಗಳನ್ನು ಸೋಪಿನಿಂದ ತೊಳೆಯಬೇಕು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎದೆಯ ಮೇಲೆ ಎರಡು ಮೂರು ನಿಮಿಷ ಇಟ್ಟು ಮೆಲ್ಲಗೆ ನೀವಬೇಕು. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ ಬರುವಂತೆ ತೊಟ್ಟಿನಿಂದ ಸುಮಾರು 3 ಸೆಂಟಿಮೀಟರ್ ಹಿಂದೆ, ಕಪ್ಪು ಭಾಗದ ಅಂಚಿನಲ್ಲಿ ಹಿಡಿಯಬೇಕು. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಎರಡು ಬೆರಳುಗಳನ್ನು ಕೂಡಿಸಿ ಅದುಮಿ, ಸಡಿಲಿಸಬೇಕು. ಒತ್ತು, ಅದುಮು, ಬಿಡು ಎಂಬ ಲಯದಲ್ಲಿ ಇದು ಸಾಗುತ್ತದೆ. ಮೊದಲ ಒಂದೆರಡು ನಿಮಿಷ ಹನಿಯೂ ಬಾರದೆ ಇರಬಹುದು. ಬರತೊಡಗಿದ ಮೇಲೆ ಬೆರಳುಗಳನ್ನು ಸುತ್ತಲೂ ಸರಿಸುತ್ತ ಹೋಗಬೇಕು. ತೊಟ್ಟನ್ನೇ ಹಿಡಿದೆಳೆಯುವುದು, ಚರ್ಮದ ಮೇಲೆ ಬೆರಳು ಜಾರಿಸುವುದು ಸಲ್ಲದು. ನೋವಾಗುವುದಷ್ಟೆ, ಹಾಲು ಬರುವುದಿಲ್ಲ. ಎರಡೂ ಎದೆಗಳಿಗೆ ಸೇರಿ 20ರಿಂದ 30 ನಿಮಿಷ ಬೇಕು. ಅಭ್ಯಾಸವಾದಂತೆ ಕಾಲ ತಗ್ಗುತ್ತದೆ.

ಪಂಪ್ ಕೊಳ್ಳುವ ಅನುಕೂಲವಿದ್ದವರು ಕೊಳ್ಳಲಿ. ದಿನವೂ ಮೂರು ಸಲ ಹಿಂಡಬೇಕಾದವರಿಗೆ ಅದರಿಂದ ಸಮಯ ಉಳಿಯುತ್ತದೆ. ಎದೆಗೆ ಇಡುವ ಬಟ್ಟಲಿನ ಅಳತೆ ತೊಟ್ಟಿಗೆ ಹೊಂದಬೇಕು. ಎಳೆತ ಹೆಚ್ಚಿಸಿದರೆ ಹಾಲು ಹೆಚ್ಚುತ್ತದೆ ಎಂಬುದು ನಿಜವಲ್ಲ, ನೋಯದಷ್ಟಕ್ಕೆ ನಿಲ್ಲಿಸಬೇಕು. ಗಾಜಿನ ಬಟ್ಟಲಿಗೆ ರಬ್ಬರ್ ಚೆಂಡು ಜೋಡಿಸಿದ ಹಳೆಯ ಮಾದರಿಯ ಪಂಪ್ ಮಾತ್ರ ಬೇಡವೇ ಬೇಡ. ಆ ಚೆಂಡಿನೊಳಗೆ ಸೇರಿದ ಹಾಲನ್ನು ಪೂರ್ತಿ ತೊಳೆಯಲು ಬಾರದು, ರೋಗಾಣುಗಳು ಬೆಳೆಯುತ್ತವೆ.

ಎಷ್ಟು ಹಾಲು ಬೇಕು ಎಂಬ ಲೆಕ್ಕ ತಿಳಿದರೆ ಅರ್ಧ ಆತಂಕ ಕಳೆಯುತ್ತದೆ. ಒಂದರಿಂದ ಆರು ತಿಂಗಳವರೆಗಿನ ಕೂಸು ಇಡೀ ದಿನ-ರಾತ್ರಿಯಲ್ಲಿ ಕುಡಿಯುವುದು ಸರಾಸರಿ 750ರಿಂದ 800 ಮಿ.ಲೀ. ತಾಯಿ ಹತ್ತು ಗಂಟೆ ಹೊರಗಿದ್ದರೆ ಬೇಕಾದದ್ದು 300 ಮಿ.ಲೀ. ಆಸುಪಾಸು. ಒಂದು ಸಲಕ್ಕೆ 60ರಿಂದ 100 ಮಿ.ಲೀ. ಸಿಕ್ಕರೆ ಅದು ಕಡಿಮೆಯೇನಲ್ಲ. ಮಗು ನೇರವಾಗಿ ಕುಡಿಯುವಾಗ ಕೈಗಿಂತಲೂ ಪಂಪಿಗಿಂತಲೂ ಚೆನ್ನಾಗಿ ಹಾಲನ್ನು ಎಳೆಯುತ್ತದೆ. ಆದ್ದರಿಂದ ಹಿಂಡಿದ ಹಾಲನ್ನು ನೋಡಿ "ನನಗೆ ಇಷ್ಟೇ" ಎಂದುಕೊಳ್ಳಬಾರದು. ಆರು ತಿಂಗಳು ತುಂಬಿದ ಕೂಸಿಗೆ ರಾಗಿ ಸರಿಯಂಥ ಮೇಲೂಟವೂ ಆರಂಭವಾಗುವುದರಿಂದ ಹಗಲಿನ ಹಾಲು ಇನ್ನೂ ಕಡಿಮೆ ಸಾಕಾದೀತು.

ಕೆಲಸಕ್ಕೆ ಮರಳುವ ಹದಿನೈದು ದಿನ ಮೊದಲೇ ಅಭ್ಯಾಸ ಶುರುಮಾಡುವುದು ಒಳ್ಳೆಯದು. ಬೆಳಗಿನ ಮೊದಲ ಹಾಲೂಡಿಕೆಯ ಬಳಿಕ ದಿನಕ್ಕೊಮ್ಮೆ ಹಿಂಡಿದರೆ ಸಾಕು. ಕೆಲಸ ಆರಂಭವಾದ ಮೇಲೆ ಹೊರಡುವ ಮುನ್ನ ಮತ್ತು ಬಂದ ಕೂಡಲೇ ಮಗುವಿಗೆ ಕುಡಿಸಿ, ನಡುವೆ ಸುಮಾರು ಮೂರು ಗಂಟೆಗೊಮ್ಮೆ ಹಿಂಡಬೇಕು. ಇಂದು ಹಿಂಡಿದ್ದು ನಾಳೆಯ ಊಟ. ರಾತ್ರಿಯ ಹಾಲೂಡಿಕೆಯನ್ನು ನಿಲ್ಲಿಸಬಾರದು. ದಣಿದ ತಾಯಿಗೆ ಇದು ಕಷ್ಟದ ಮಾತೆಂದು ಗೊತ್ತು, ಆದರೆ ಹಗಲಿನ ಕೊರತೆಯನ್ನು ತುಂಬುವುದು ಅದೇ.

<b>ಬಯಲುಸೀಮೆಯ ಬಿಸಿಲಿನಲ್ಲಿ</b>

ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ, ಫ್ರೀಜರಿನಲ್ಲಿ ಆರು ತಿಂಗಳು ಕೆಡದು ಎಂಬ ಸೂತ್ರ ಪಂಪಿನ ಪೆಟ್ಟಿಗೆಯಲ್ಲಿರುವ ಕೈಪಿಡಿಗಳಲ್ಲಿ ಸಾಮಾನ್ಯ. ಅದರ ಮೊದಲ ಭಾಗಕ್ಕೆ ಒಂದು ಷರತ್ತಿದೆ: ಕೋಣೆಯ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಆಂಧ್ರದ ಗಡಿಗೆ ಅಂಟಿಕೊಂಡ, ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ಪ್ರದೇಶಗಳ ಸಾಲಿಗೆ ಸೇರಿದ ಈ ಎರಡು ತಾಲ್ಲೂಕುಗಳಲ್ಲಿ ಮಾರ್ಚ್‌ನಿಂದ ಮೇ ತನಕ ಹಗಲಿನಲ್ಲಿ ಅಂಥ ಕೋಣೆ ಸಿಗುವುದೇ ಅಪರೂಪ. ಏಪ್ರಿಲ್‌ನಲ್ಲಿ ಪಾದರಸ 40ರ ಹತ್ತಿರ ಸುಳಿದಾಡುತ್ತದೆ. ಆದ್ದರಿಂದ ಇಲ್ಲಿನ ತಾಯಂದಿರು "ನಾಲ್ಕು ಗಂಟೆ" ಎಂಬುದನ್ನು ನಂಬದೆ, ಹಿಂಡಿದ ಕೂಡಲೇ ಹಾಲನ್ನು ತಂಪಿಗೆ ಸೇರಿಸಬೇಕು.

ಇದಕ್ಕೆ ದುಬಾರಿ ಚೀಲ ಬೇಕಿಲ್ಲ. ಬಿಗಿಯಾದ ಮುಚ್ಚಳವಿರುವ ಸಣ್ಣ ಸ್ಟೀಲ್ ಡಬ್ಬಿಗಳನ್ನು ಹತ್ತು ನಿಮಿಷ ಕುದಿಸಿ ಒಣಗಿಸಿಡಬೇಕು. ಐಸ್‌ಬಾಕ್ಸ್ ಅಥವಾ ದಪ್ಪ ಗೋಡೆಯ ಥರ್ಮಸ್ ಪೆಟ್ಟಿಗೆಯಲ್ಲಿ, ಹಿಂದಿನ ರಾತ್ರಿ ಫ್ರೀಜರಿನಲ್ಲಿಟ್ಟು ಗಟ್ಟಿಯಾಗಿಸಿದ ಐಸ್‌ಪ್ಯಾಕ್‌ಗಳ ನಡುವೆ ಡಬ್ಬಿಗಳನ್ನು ಇಟ್ಟರೆ ಹಾಲು 24 ಗಂಟೆಯವರೆಗೆ ಕೆಡದು. ಪೆಟ್ಟಿಗೆಯನ್ನು ಪದೇಪದೇ ತೆರೆಯಬಾರದು. ಬಸ್ಸಿನಲ್ಲಿ ಎಂಜಿನ್ನಿನ ಪಕ್ಕವೋ ಬಿಸಿಲು ಬೀಳುವ ಕಿಟಕಿಯ ಬಳಿಯೋ ಇಡದೆ ಸೀಟಿನ ಕೆಳಗೆ ಇಡಬೇಕು. ಐಸ್ ಏನೂ ಸಿಗದ ಹಳ್ಳಿಯ ಶಾಲೆಯಲ್ಲಿ ಒದ್ದೆ ಗೋಣಿ ಸುತ್ತಿದ ಮಣ್ಣಿನ ಮಡಕೆಯ ತಣ್ಣೀರಿನಲ್ಲಿ ಡಬ್ಬಿಯನ್ನು ಮುಳುಗದಂತೆ ನಿಲ್ಲಿಸುವುದು ಏನೂ ಇಲ್ಲದ್ದಕ್ಕಿಂತ ಮೇಲು. ಇಲ್ಲಿಯ ಒಣಗಾಳಿಗೆ ಮಡಕೆ ಚೆನ್ನಾಗಿ ತಂಪಾಗುತ್ತದೆ, ಆದರೂ ಅದು ಫ್ರಿಜ್ ಅಲ್ಲ. ಆ ಹಾಲನ್ನು ಸಂಜೆಗೆ ಉಳಿಸಿಕೊಳ್ಳುವ ಬದಲು ಚೆಲ್ಲಿಬಿಡುವುದೇ ಕ್ಷೇಮ. ಚೆಲ್ಲುವುದಾದರೆ ಹಿಂಡುವುದೇಕೆ ಎಂದು ಕೇಳಬಹುದು. ನಾಳೆ ಹಾಲು ಊರಲಿಕ್ಕೆ.

ಕರೆಂಟು ಹೋಗುವುದು ಇನ್ನೊಂದು ತೊಡಕು. ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ದಿನಕ್ಕೆ ಹಲವು ಗಂಟೆ ವಿದ್ಯುತ್ ಕಡಿತವಾಗುವ ಕಡೆ ತಿಂಗಳುಗಟ್ಟಲೆ ಹಾಲು ಕೂಡಿಡುವ ಆಸೆಯನ್ನು ಬಿಟ್ಟು, ಒಂದು ದಿನದ ಹಾಲನ್ನು ಮರುದಿನವೇ ಮುಗಿಸುವ ಪದ್ಧತಿ ವಾಸಿ. ಹಾಲನ್ನು ಬಾಗಿಲಿನ ತಟ್ಟೆಯಲ್ಲಿ ಇಡದೆ ಒಳಗಡೆ ಹಿಂಬದಿಗೆ ಇಡಬೇಕು. ಡಬ್ಬಿಗೆ ಚೀಟಿ ಅಂಟಿಸಿ ದಿನ, ಗಂಟೆ ಬರೆಯಬೇಕು. ಬೆಚ್ಚಗಿನ ಹೊಸ ಹಾಲನ್ನು ತಣ್ಣಗಿನ ಹಳೆಯ ಹಾಲಿಗೆ ನೇರವಾಗಿ ಸುರಿಯಬಾರದು. ಫ್ರಿಜ್‌ನಲ್ಲಿಟ್ಟ ಹಾಲಿನ ಮೇಲೆ ಕೆನೆ ಕಟ್ಟುವುದು, ಕೆಳಗೆ ನೀಲಿ ಛಾಯೆಯ ತೆಳುಹಾಲು ನಿಲ್ಲುವುದು ಸಹಜ. ಅದನ್ನು ಕಂಡು ಅಜ್ಜಿಯರು "ಒಡೆದಿದೆ" ಎಂದು ಚೆಲ್ಲಿಬಿಡುವುದುಂಟು, ಮೊದಲೇ ಹೇಳಿಡಬೇಕು.

<b>ಅಜ್ಜಿಯ ಕೈಯಲ್ಲಿ ಒಳಲೆ</b>

ಹಾಲು ಕುಡಿಸುವಾಗ ಡಬ್ಬಿಯನ್ನು ಬಿಸಿನೀರಿನ ಬಟ್ಟಲಲ್ಲಿ ನಿಲ್ಲಿಸಿ ಉಗುರುಬೆಚ್ಚಗಾಗಿಸಬೇಕು. ಒಲೆಯ ಮೇಲೆ ಕಾಯಿಸಬಾರದು, ಕುದಿಸಲೇಬಾರದು. ಎದೆಹಾಲಿನ ರಕ್ಷಕ ಗುಣಗಳು ಕುದಿದಾಗ ನಾಶವಾಗುತ್ತವೆ. ಮಗು ಕುಡಿದು ಬಿಟ್ಟ ಹಾಲನ್ನು ಎರಡು ಗಂಟೆಯೊಳಗೆ ಮುಗಿಸಬೇಕು, ಇಲ್ಲವೆ ಚೆಲ್ಲಬೇಕು. ಬಾಟಲಿಯ ಬದಲು ನಮ್ಮ ಮನೆಗಳ ಒಳಲೆಯೇ ಉತ್ತಮ ಸಾಧನ. ನವಜಾತ ಶಿಶುಗಳ ಆರೈಕೆ ಘಟಕಗಳಲ್ಲಿಯೂ ಇದನ್ನೇ ಬಳಸುತ್ತಾರೆ. ಬಾಟಲಿಯ ರಬ್ಬರ್ ತೊಟ್ಟಿಗೆ ಒಗ್ಗಿದ ಕೆಲವು ಕೂಸುಗಳು ಎದೆಯನ್ನು ಒಲ್ಲೆ ಎನ್ನುತ್ತವೆ, ಒಳಲೆಯಿಂದ ಆ ಭಯವಿಲ್ಲ. ಆದರೆ ಹಳೆಯ ಕಾಲದಂತೆ ಕೂಸನ್ನು ಕಾಲಮೇಲೆ ಅಂಗಾತ ಮಲಗಿಸಿ ಬಾಯಿಗೆ ಸುರಿಯಬಾರದು, ಹಾಲು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ತಲೆ ಎತ್ತರವಾಗುವಂತೆ ಕೂರಿಸಿಕೊಂಡು, ಒಳಲೆಯ ತುದಿಯನ್ನು ಕೆಳತುಟಿಗೆ ತಾಗಿಸಿ, ಮಗು ತಾನೇ ಚಪ್ಪರಿಸುವಂತೆ ನಿಧಾನ ಮಾಡಬೇಕು. ಒಳಲೆಯ ಮೂತಿಯನ್ನು ಸಣ್ಣ ಬ್ರಷ್‌ನಿಂದ ಉಜ್ಜಿ ಕುದಿಸಬೇಕು.

ಬಾಣಂತಿಗೆ ನೀರು ಕೊಡಬಾರದೆಂಬ ಪಥ್ಯವೊಂದು ಈಗಲೂ ಅಲ್ಲಲ್ಲಿ ಉಳಿದಿದೆ. ಬಿಸಿಲಿನಲ್ಲಿ ಬಸ್ಸು ಹಿಡಿದು ತಿರುಗುವ ತಾಯಿಗೆ ಇದರಿಂದ ತೊಂದರೆಯೇ ಹೊರತು ಉಪಯೋಗವಿಲ್ಲ; ಬಾಯಾರಿದಷ್ಟೂ ಕುಡಿಯಬೇಕು. ಸಬ್ಬಸಿಗೆ, ಬೆಳ್ಳುಳ್ಳಿ ತಿನ್ನುವುದಕ್ಕೆ ಅಡ್ಡಿಯಿಲ್ಲ, ಆದರೆ ಅವು ಹಿಂಡುವ ಕೆಲಸಕ್ಕೆ ಬದಲಿಯಲ್ಲ. 2017ರಲ್ಲಿ ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯಡಿ ಅಂಗನವಾಡಿಯ ಮೂಲಕ ಬಾಣಂತಿಯರಿಗೂ ಪೌಷ್ಟಿಕ ಆಹಾರ ಸಲ್ಲುತ್ತದೆ.

<b>ಕಾಯ್ದೆ ಏನು ಹೇಳುತ್ತದೆ?</b>

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯು ಮೊದಲೆರಡು ಮಕ್ಕಳಿಗೆ ವೇತನಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಹಕ್ಕು ಮುಂದುವರಿದಿದೆ. ಕೆಲಸಕ್ಕೆ ಮರಳಿದ ತಾಯಿಗೆ ಮಗುವಿಗೆ 15 ತಿಂಗಳು ತುಂಬುವ ತನಕ, ಊಟದ ವಿರಾಮವಲ್ಲದೆ, ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕು. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಬಹುದು.

ಕೇಳಲು ಚೆನ್ನಾಗಿದೆ. ಆದರೆ ಐವತ್ತು ಜನ ಒಂದೇ ಸೂರಿನಡಿ ದುಡಿಯುವ ಜಾಗಗಳು ಈ ಕಡೆ ಎಷ್ಟಿವೆ? ಚಳ್ಳಕೆರೆಯ ಎಣ್ಣೆ ಗಿರಣಿಗಳು, ಅಂಗಡಿಗಳು, ಸಣ್ಣ ಖಾಸಗಿ ಶಾಲೆಗಳು ಬಹುಪಾಲು ಆ ಸಂಖ್ಯೆಗಿಂತ ಕೆಳಗೇ ನಿಲ್ಲುತ್ತವೆ. ಇನ್ನು ಕಾಯ್ದೆ "ಹಾಲೂಡಿಸಲು" ಎನ್ನುತ್ತದೆಯೇ ವಿನಾ ಹಿಂಡುವುದರ ಹೆಸರೆತ್ತುವುದಿಲ್ಲ. ಮಗು ಹತ್ತಾರು ಕಿ.ಮೀ. ದೂರದಲ್ಲಿರುವಾಗ ಆ ಬಿಡುವನ್ನು ಹಿಂಡುವುದಕ್ಕೆ ಬಳಸಲು ಬಿಡುವುದೇ ಅದರ ಆಶಯಕ್ಕೆ ತಕ್ಕ ನಡೆ ಎಂಬುದು ಈ ಲೇಖಕನ ಅಭಿಪ್ರಾಯ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಹಾಲೂಡಿಸುವುದು ತಾಯಿಯ ಹಕ್ಕೆಂದು ಹೇಳಿತ್ತು. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಸಾರ್ವಜನಿಕ ಕಟ್ಟಡಗಳಲ್ಲಿ ಹಾಲೂಡಿಸುವ ಕೊಠಡಿಗಳನ್ನು ಒದಗಿಸುವ ಬಗ್ಗೆ ರಾಜ್ಯಗಳಿಗೆ ಸೂಚಿಸಿತು. ಶಾಲೆಯ ಮುಖ್ಯ ಶಿಕ್ಷಕರಿಗಾಗಲಿ ಬ್ಯಾಂಕ್ ವ್ಯವಸ್ಥಾಪಕರಿಗಾಗಲಿ ಇದಕ್ಕೆ ಹೊಸ ಕಟ್ಟಡವೇನೂ ಬೇಕಾಗದು. ಚಿಲಕವಿರುವ ಒಂದು ಕೋಣೆ, ಕುರ್ಚಿ, ಕೈತೊಳೆಯಲು ನೀರು, ಇಪ್ಪತ್ತು ನಿಮಿಷ. ಬಹಳ ಕಡೆ ತಾಯಂದಿರಿಗೆ ಉಳಿದಿರುವುದು ಶೌಚಾಲಯವೊಂದೇ. ಅಲ್ಲಿ ನಿಂತು ಯಾರೂ ಬುತ್ತಿ ಬಿಚ್ಚುವುದಿಲ್ಲ; ಕೂಸಿನ ಬುತ್ತಿಯನ್ನು ಮಾತ್ರ ಅಲ್ಲಿ ಕಟ್ಟಬೇಕೆ? ರಜೆಯಿಂದ ಮರಳುವ ಮುನ್ನವೇ ಮೇಲಧಿಕಾರಿಗೆ ಎರಡು ಸಾಲಿನ ಮನವಿ ಬರೆದು ಕೊಡುವುದು ಎದುರು ನಿಂತು ಸಂಕೋಚದಿಂದ ಕೇಳುವುದಕ್ಕಿಂತ ಸುಲಭ.

ಮೊಳಕಾಲ್ಮುರಿನಲ್ಲಿ ಮನೆಯಲ್ಲೇ ರೇಷ್ಮೆ ಸೀರೆ ನೇಯುವ, ಕಂಡಿಕೆ ಸುತ್ತುವ ತಾಯಂದಿರಿಗೆ ಹಿಂಡುವ ಅಗತ್ಯ ಕಡಿಮೆ. ಮಗ್ಗ ನಿಲ್ಲಿಸಿ ಎದ್ದು ಬಂದು ಹಾಲೂಡಿಸುವ ಬಿಡುವನ್ನು ಮನೆಯವರು ಕೊಟ್ಟರೆ ಆಯಿತು. ಶೇಂಗಾ ಕೀಳುವ ಕೂಲಿಗೆ ಹೋಗುವವರಿಗೆ ಕಾಯ್ದೆಯ ಯಾವ ಬಿಡುವೂ ಇಲ್ಲ. ರಾಜ್ಯ ಸರ್ಕಾರ 2023-24ರಲ್ಲಿ ಘೋಷಿಸಿದ "ಕೂಸಿನ ಮನೆ" ನಿಮ್ಮ ಪಂಚಾಯಿತಿಯಲ್ಲಿ ನಡೆಯುತ್ತಿದೆಯೇ ಎಂದು ವಿಚಾರಿಸಬಹುದು.

ಅವಧಿಗೆ ಮುನ್ನ ಹುಟ್ಟಿ ಚಿತ್ರದುರ್ಗದ ಆಸ್ಪತ್ರೆಯ ಆರೈಕೆ ಘಟಕ ಸೇರಿದ ಶಿಶುಗಳ ತಾಯಂದಿರ ಮಾತು ಬೇರೆ. ಅವರಿಗೆ ಹಿಂಡುವುದು ಅನುಕೂಲವಲ್ಲ, ಚಿಕಿತ್ಸೆಯ ಭಾಗ. ಹೆರಿಗೆಯಾದ ಮೊದಲ ಕೆಲವು ಗಂಟೆಗಳಲ್ಲೇ ಆರಂಭಿಸಿ, ರಾತ್ರಿಯೂ ಸೇರಿ ದಿನಕ್ಕೆ 8ರಿಂದ 10 ಸಲ ಹಿಂಡಬೇಕು. ಮೊದಲು ಬರುವುದು ಚಮಚದ ತಳ ತೇವವಾಗುವಷ್ಟು ಹಳದಿ ಗಿಣ್ಣುಹಾಲು ಮಾತ್ರ. ಅದೇ ಆ ಕೂಸಿನ ಮೊದಲ ಲಸಿಕೆ ಎನ್ನುತ್ತಾರೆ ವೈದ್ಯರು. ಒಂದು ಹನಿಯನ್ನೂ ಚೆಲ್ಲಬಾರದು. ತಾಯಿಯ ಹಾಲು ಸಿಗದ ಇಂಥ ಶಿಶುಗಳಿಗಾಗಿಯೇ 1989ರಲ್ಲಿ ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ ಏಷ್ಯಾದ ಮೊದಲ ಎದೆಹಾಲು ಬ್ಯಾಂಕ್ ಆರಂಭವಾಯಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ 2022ರಲ್ಲಿ "ಅಮೃತಧಾರೆ" ಬಂತು. ಚಳ್ಳಕೆರೆಯಿಂದ ಅದು ಸುಮಾರು 200 ಕಿ.ಮೀ. ದೂರ.

ಹಿಂಡುತ್ತಿದ್ದರೂ ಹಾಲು ಸಾಕಾಗುತ್ತಿದೆಯೇ ಎಂಬ ಸಂದೇಹ ಬಂದರೆ ಡಬ್ಬಿಯನ್ನು ನೋಡದೆ ಕೂಸನ್ನು ನೋಡಬೇಕು. ದಿನಕ್ಕೆ ಆರು ಅಥವಾ ಹೆಚ್ಚು ಸಲ ಮೂತ್ರ ಮಾಡಿ, ತಿಂಗಳಿಗೆ ತಿಂಗಳು ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ಅರ್ಥ. ತೂಕವನ್ನು ಅಂಗನವಾಡಿಯಲ್ಲಿ ನೋಡಿಸಬಹುದು. ಎದೆಯ ಒಂದು ಕಡೆ ಗೆಡ್ಡೆಯಂತೆ ಗಟ್ಟಿಯಾಗಿ ಕೆಂಪಾದರೆ, ಜೊತೆಗೆ ಚಳಿಜ್ವರ ಬಂದರೆ, ಅಂದೇ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಆ ಎದೆಯ ಹಾಲು ಕೆಟ್ಟಿದೆಯೆಂದು ಕುಡಿಸುವುದನ್ನಾಗಲಿ ಹಿಂಡುವುದನ್ನಾಗಲಿ ಒಮ್ಮೆಲೇ ನಿಲ್ಲಿಸಿದರೆ ಬಾವು ಹೆಚ್ಚುತ್ತದೆ. ಮಗುವಿಗೆ ಅದನ್ನು ಕುಡಿಸಬಹುದು.