ಕಾರಿನೊಳಗೆ ನೀರು: ಕಾರಣ ಮತ್ತು ಪರಿಹಾರ

ಹೆಂಚಿನ ಮನೆಯಲ್ಲಿ ಬಾಳಿದವರು ಒಂದು ಸಂಗತಿಯನ್ನು ಚೆನ್ನಾಗಿ ಬಲ್ಲರು. ಮಳೆಗಾಲದಲ್ಲಿ ನೀರು ತೊಟ್ಟಿಕ್ಕುವ ಸ್ಥಳವೇ ಬೇರೆ, ಹೆಂಚು ಒಡೆದಿರುವ ಸ್ಥಳವೇ ಬೇರೆ. ಒಡಕಿನಿಂದ ಇಳಿದ ನೀರು ಪಕಾಸಿಯ ಮೈಯನ್ನು ಹಿಡಿದು ಮಾರುದೂರ ಹರಿದು, ಎಲ್ಲಿ ತಡೆಯುಂಟಾಗುವುದೋ ಅಲ್ಲಿ ಕೆಳಗೆ ಬೀಳುತ್ತದೆ. ಪಾತ್ರೆಯನ್ನು ಹನಿ ಬೀಳುವಲ್ಲಿ ಇಡಬೇಕು. ಏಣಿಯನ್ನು ಮಾತ್ರ ಬೇರೆ ಕಡೆ ಹಾಕಬೇಕು. ಇಂದು ಅನೇಕರ ಮನೆಯಂಗಳದಲ್ಲಿ ನಿಲ್ಲುವ ಕಾರಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಕಾರಿನ ನೆಲ ಒದ್ದೆಯಾದಾಗ ಒದ್ದೆಯಾದ ಜಾಗವನ್ನೇ ನೋಡುತ್ತ ಕುಳಿತರೆ ಕಾರಣ ದೊರೆಯುವುದಿಲ್ಲ. ನೀರು ನಡೆದು ಬಂದ ದಾರಿಯನ್ನು ಹಿಂದಕ್ಕೂ ಮೇಲಕ್ಕೂ ಅನುಸರಿಸಿ ಹೋದವರಿಗೆ ಮಾತ್ರ ಅದು ದೊರೆಯುತ್ತದೆ.

ಈ ಒದ್ದೆಯನ್ನು ಅಲ್ಪ ತೊಂದರೆಯೆಂದು ಬಗೆದು, ಮ್ಯಾಟನ್ನು ಬಿಸಿಲಿಗೆ ಹರವಿ ಸುಮ್ಮನಾಗುವವರು ಬಹುಮಂದಿ. ಆದರೆ ಮ್ಯಾಟಿನ ಕೆಳಗೆ ನೆಲಹಾಸು ಉಂಟು. ನೆಲಹಾಸಿನ ಕೆಳಗೆ ಸದ್ದನ್ನೂ ಶಾಖವನ್ನೂ ತಡೆಯಲೆಂದು ಹಾಸಿದ ಸ್ಪಂಜಿನ ದಪ್ಪ ಪದರ ಉಂಟು. ಮೇಲ್ಭಾಗ ಒಣಗಿದಂತೆ ಕಂಡರೂ ಈ ಪದರ ವಾರಗಟ್ಟಲೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರಿಂದಾಗುವ ಹಾನಿ ಮೂರು ಬಗೆಯದು. ಮೊದಲನೆಯದಾಗಿ, ನೆಲದ ತಗಡು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹೊರಗಿನಿಂದ ನೋಡುವವರಿಗೆ ಅದು ಬಹುಕಾಲ ತಿಳಿಯುವುದಿಲ್ಲ. ಎರಡನೆಯದಾಗಿ, ಇಂದಿನ ಕಾರುಗಳಲ್ಲಿ ವಿದ್ಯುತ್ ತಂತಿಗಳ ಕಟ್ಟುಗಳು ನೆಲಹಾಸಿನ ಅಡಿಯಲ್ಲಿಯೂ ಆಸನಗಳ ಕೆಳಗೂ ಹಾದುಹೋಗುತ್ತವೆ. ಅಪಘಾತದ ಕ್ಷಣದಲ್ಲಿ ಪ್ರಾಣರಕ್ಷಣೆ ಮಾಡಬೇಕಾದ ಏರ್‌ಬ್ಯಾಗಿನ ನಿಯಂತ್ರಣ ಪೆಟ್ಟಿಗೆ ಅನೇಕ ಕಾರುಗಳಲ್ಲಿ ಮುಂದಿನ ಎರಡು ಆಸನಗಳ ನಡುವೆ ನೆಲಕ್ಕೆ ಬಿಗಿದಿರುತ್ತದೆ. ತಂತಿಗಳ ಕೂಡುವಿಕೆಯಲ್ಲಿ ಹಸಿರು ಕಿಲುಬು ಬೆಳೆದರೆ ಅಂತಹ ಪೆಟ್ಟಿಗೆ ಬೇಕಾದ ಹೊತ್ತಿಗೆ ಕೆಲಸ ಮಾಡದೆ ಹೋಗಬಹುದು. ಮೂರನೆಯದಾಗಿ, ನೆಲದ ತೇವವು ಆವಿಯಾಗಿ ಎದ್ದು ತಣ್ಣಗಿರುವ ಗಾಜಿನ ಒಳಮೈಯಲ್ಲಿ ಮಂಜಾಗಿ ಕೂಡುತ್ತದೆ. ಹಗಲಿನಲ್ಲಿ ಇದು ಬರಿಯ ಕಿರಿಕಿರಿ. ಮಳೆಯ ರಾತ್ರಿಯಲ್ಲಿ, ಅದರಲ್ಲಿಯೂ ಘಾಟಿಯ ತಿರುವಿನಲ್ಲಿ, ಇದು ಜೀವಕ್ಕೇ ಅಪಾಯ. ಬೂಷ್ಟು ಮತ್ತು ದುರ್ವಾಸನೆ ಇವುಗಳ ಜೊತೆಗೆ ಬರುವುವು. ಉಬ್ಬಸವಿರುವವರಿಗೆ ಬೂಷ್ಟು ಬೆಳೆದ ಕಾರಿನಲ್ಲಿ ಪ್ರಯಾಣ ಮಾಡುವುದೇ ಕಷ್ಟವಾಗುತ್ತದೆ.

ನೀರನ್ನು ತಡೆಯುವುದಲ್ಲ, ನಡೆಸುವುದು

ಕಾರು ನೀರು ಹೊಗದ ಡಬ್ಬಿಯೆಂಬ ತಿಳಿವಳಿಕೆ ಸರಿಯಲ್ಲ. ಅದರ ರಚನೆಯಲ್ಲಿಯೇ ನೀರು ಹಲವು ಕಡೆ ಒಳಗೆ ಬರಲು ಅವಕಾಶವಿದೆ. ಬಂದ ನೀರು ನಿಲ್ಲದೆ ಹೊರಗೆ ಹೋಗಲು ದಾರಿಗಳೂ ಇವೆ. ನಮ್ಮ ನಾಡಿನ ಕೆರೆಗಳ ರಚನೆಯನ್ನು ಬಲ್ಲವರಿಗೆ ಈ ತತ್ತ್ವ ಸುಲಭವಾಗಿ ಮನವರಿಕೆಯಾಗುತ್ತದೆ. ಏರಿಯನ್ನು ಎಷ್ಟೇ ಗಟ್ಟಿಯಾಗಿ ಕಟ್ಟಿದರೂ ಕೋಡಿಯಲ್ಲಿ ಕಸ ತುಂಬಿದರೆ ಕೆರೆ ಒಡೆಯುತ್ತದೆ. ಕಾರಿನೊಳಗೆ ನೀರು ಬಂದ ಪ್ರಸಂಗಗಳಲ್ಲಿ ಅನೇಕವು ಹೊಸ ತೂತು ಬಿದ್ದುದರಿಂದ ಆದುವಲ್ಲ, ಹಳೆಯ ಕೋಡಿ ಮುಚ್ಚಿಹೋದುದರಿಂದ ಆದುವು. ಆದುದರಿಂದ ಕಂಡ ಕಂಡ ಸಂದಿಗೆ ಅಂಟು ಮೆತ್ತುವುದು ಪರಿಹಾರವಲ್ಲ. ಹೊರದಾರಿಯೊಂದು ಆ ಅಂಟಿನಿಂದ ಮುಚ್ಚಿಹೋದರೆ ತೊಂದರೆ ಇಮ್ಮಡಿಯಾಗುತ್ತದೆ. ಈ ದಾರಿಗಳನ್ನು ಒಂದೊಂದಾಗಿ ಪರಿಶೀಲಿಸಬಹುದು.

ಮುಂಬದಿಯ ಗಾಜಿನ ಕೆಳಗೆ, ವೈಪರುಗಳು ನಿಂತಿರುವಲ್ಲಿ, ಪ್ಲಾಸ್ಟಿಕ್ಕಿನ ಜಾಲರಿಯೊಂದಿದೆ. ಗಾಜಿನ ಮೇಲೆ ಬಿದ್ದ ಮಳೆನೀರೆಲ್ಲ ಈ ಜಾಲರಿಯ ಮೂಲಕ ಒಂದು ಕಾಲುವೆಗೆ ಇಳಿದು, ಎರಡು ಬದಿಯ ತೂತುಗಳಿಂದ ಚಕ್ರಗಳ ಹಿಂದೆ ನೆಲಕ್ಕೆ ಹೋಗುತ್ತದೆ. ಕಾರಿನೊಳಕ್ಕೆ ಹೊರಗಿನ ಗಾಳಿಯನ್ನು ಸೆಳೆಯುವ ಬಾಯಿಯೂ ಸಾಮಾನ್ಯವಾಗಿ ಇದೇ ಕಾಲುವೆಯಲ್ಲಿದೆ. ಹುಣಸೆ, ಗುಲ್‌ಮೊಹರ್ ಮುಂತಾದ ಮರಗಳ ಸಣ್ಣ ಎಲೆಗಳು ಜಾಲರಿಯ ಕಂಡಿಯಲ್ಲಿ ನುಸುಳಿ ಕೆಳಗೆ ಕೊಳೆಯುತ್ತವೆ. ಹೊಂಗೆಯ ಹೂವಂತೂ ಬೇಸಗೆಯಲ್ಲಿ ಉದುರಿ, ಮುಂಗಾರಿನ ಮೊದಲ ಮಳೆ ಬರುವ ಹೊತ್ತಿಗೆ ಕಾಲುವೆಯನ್ನು ತುಂಬಿರುತ್ತದೆ. ತೂತು ಮುಚ್ಚಿದಾಗ ನೀರು ಏರಿ, ಗಾಳಿಯ ಬಾಯಿಯ ಮೂಲಕ ಮುಂದಿನ ಆಸನದ ಕಾಲಿಡುವ ಜಾಗಕ್ಕೆ ಇಳಿಯುತ್ತದೆ.

ಎರಡನೆಯ ದಾರಿ ಬಾಗಿಲು. ಗಾಜು ಏರಿಳಿಯುವ ಸಂದಿನಿಂದ ಮಳೆನೀರು ಬಾಗಿಲಿನ ಒಡಲೊಳಗೆ ಇಳಿಯುವುದು ಸಹಜವೇ ಆಗಿದೆ. ಬಾಗಿಲಿನ ಕೆಳ ಅಂಚಿನ ಸಣ್ಣ ರಂಧ್ರಗಳಿಂದ ಅದು ಹೊರಬೀಳುತ್ತದೆ. ಒಡಲಿಗೂ ಒಳಗಿನ ಅಲಂಕಾರದ ಹಲಗೆಗೂ ನಡುವೆ ಒಂದು ತೆಳು ಹಾಳೆಯನ್ನು ಮೇಣದಂತಹ ಅಂಟಿನಿಂದ ಅಂಟಿಸಿರುತ್ತಾರೆ. ಹೊಸ ಸ್ಪೀಕರ್ ಕೂಡಿಸುವಾಗಲೋ ಗಾಜಿನ ಮೋಟರ್ ರಿಪೇರಿಯಾಗುವಾಗಲೋ ಈ ಹಾಳೆಯನ್ನು ಹರಿದು ಹಾಗೆಯೇ ಬಿಟ್ಟರೆ, ಬಾಗಿಲಿನೊಳಗಿನ ನೀರು ಹಲಗೆಯ ಹಿಂದಿನಿಂದ ಒಸರಿ ನೆಲಹಾಸಿಗೆ ಸೇರುತ್ತದೆ. ಕಾರನ್ನು ಅಲುಗಾಡಿಸಿದಾಗ ಬಾಗಿಲಿನಲ್ಲಿ ನೀರು ಕುಲುಕಾಡುವ ಸದ್ದು ಕೇಳಿದರೆ ಕೆಳಗಿನ ರಂಧ್ರಗಳು ಮುಚ್ಚಿವೆಯೆಂದು ತಿಳಿಯಬೇಕು.

ಮಾಡಿನಲ್ಲಿ ತೆರೆಯುವ ಗಾಜಿರುವ, ಅಂದರೆ ಸನ್‌ರೂಫ್ ಉಳ್ಳ ಕಾರುಗಳಲ್ಲಿ ಮೂರನೆಯ ದಾರಿಯೊಂದುಂಟು. ಆ ಗಾಜಿನ ಸುತ್ತಣ ರಬ್ಬರು ನೀರನ್ನು ಪೂರ್ಣವಾಗಿ ತಡೆಯುವುದಿಲ್ಲ. ನುಸುಳಿದ ನೀರನ್ನು ಹಿಡಿಯಲು ಕೆಳಗೆ ತಟ್ಟೆಯಂತಹ ಚೌಕಟ್ಟಿದ್ದು, ಅದರ ಮೂಲೆಗಳಿಂದ ಸಣ್ಣ ಕೊಳವೆಗಳು ಕಂಬಗಳೊಳಗೆ ಇಳಿದು ಹೊರಗೆ ತೆರೆದುಕೊಳ್ಳುತ್ತವೆ. ಕೊಳವೆಯಲ್ಲಿ ಧೂಳು ಗಟ್ಟಿಯಾದರೆ ನೀರು ಒಳಮಾಡಿನ ಬಟ್ಟೆಯ ಮೇಲೆ ಕಲೆಯಾಗಿ, ದೀಪದ ಪಕ್ಕದಲ್ಲಿ ಹನಿಯಾಗಿ ಕಾಣಿಸಿಕೊಳ್ಳುತ್ತದೆ. ತಟ್ಟೆಯ ಮೂಲೆಗೆ ಒಂದು ಲೋಟ ನೀರನ್ನು ಮೆಲ್ಲನೆ ಸುರಿದು, ಅದು ಕಾರಿನಡಿಯಲ್ಲಿ ಹೊರಬೀಳುವುದೋ ಇಲ್ಲವೋ ನೋಡಿದರೆ ಸಂದೇಹ ಪರಿಹಾರವಾಗುವುದು. ಮೆತುವಾದ ನೈಲಾನ್ ಎಳೆಯಿಂದ ಕೊಳವೆಯನ್ನು ಶುಚಿಮಾಡಬಹುದು. ಪಂಪಿನ ಗಾಳಿಯನ್ನು ಬಲವಾಗಿ ಊದಿದರೆ ಕೊಳವೆ ತನ್ನ ಮೂತಿಯಿಂದ ಕಳಚಿ, ಇಡೀ ನೀರು ಕಾರಿನೊಳಕ್ಕೇ ಬೀಳುವ ಸಂಭವವಿದೆ.

ಮಳೆಯೇ ಇಲ್ಲದ ದಿನವೂ ನೆಲ ಒದ್ದೆಯಾಗುವುದುಂಟು. ಅಂತಹ ಸಂದರ್ಭದಲ್ಲಿ ಎ.ಸಿ.ಯನ್ನು ಸಂದೇಹಿಸಬೇಕು. ಎ.ಸಿ. ಗಾಳಿಯನ್ನು ತಣಿಸುವಾಗ ಗಾಳಿಯಲ್ಲಿದ್ದ ತೇವ ನೀರಾಗಿ ಇಳಿಯುತ್ತದೆ. ತಣ್ಣೀರಿನ ತಂಬಿಗೆಯ ಹೊರಮೈ ಬೆವರುವುದೂ ಇದೇ ಕಾರಣದಿಂದ. ಈ ನೀರು ಒಂದು ಸಣ್ಣ ಕೊಳವೆಯಿಂದ ಕಾರಿನಡಿಗೆ ತೊಟ್ಟಿಕ್ಕಬೇಕು. ಸೆಕೆಯ ದಿನ ಅರ್ಧ ಗಂಟೆ ಎ.ಸಿ. ನಡೆಸಿ ನಿಲ್ಲಿಸಿದ ಕಾರಿನ ಕೆಳಗೆ ನೀರು ಕಾಣದೆ, ಒಳಗಿನ ನೆಲ ತೇವವಾಗಿದ್ದರೆ ಕೊಳವೆ ಕಟ್ಟಿಕೊಂಡಿದೆಯೆಂಬುದು ಬಹುಮಟ್ಟಿಗೆ ಖಚಿತ. ಇದನ್ನು ಬಿಡಿಸುವುದು ಗ್ಯಾರೇಜಿನವರಿಗೆ ಅಲ್ಪ ಕಾಲದ ಕೆಲಸ.

ನೀರೆಂದು ಕಂಡರೂ ನೀರಲ್ಲದ್ದು ಒಂದುಂಟು. ಕೈಗೆ ಅಂಟಂಟಾಗಿ, ಮೂಗಿಗೆ ಸಿಹಿಯಾದ ವಾಸನೆಯಾಗಿ, ಹಸಿರೋ ಕೆಂಪೋ ಬಣ್ಣದ ಛಾಯೆಯಿದ್ದರೆ ಅದು ಎಂಜಿನ್ನನ್ನು ತಣಿಸುವ ಕೂಲಂಟ್ ದ್ರವ. ಕಾರಿನೊಳಗಣ ಹೀಟರಿನ ಭಾಗ ಒಡೆದಾಗ ಅದು ಒಳಗೆ ಜಿನುಗುತ್ತದೆ. ಗಾಜಿನ ಮೇಲೆ ಜಿಡ್ಡಿನ ಮಂಜು ಕೂಡುತ್ತದೆ. ಬಾನೆಟ್ಟಿನ ಕೆಳಗಿನ ಕೂಲಂಟ್ ಡಬ್ಬಿಯ ಮಟ್ಟ ಇಳಿಯುತ್ತದೆ. ಈ ದ್ರವದಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲ್ ವಿಷ. ಸಿಹಿಯಾದುದರಿಂದ ಮಕ್ಕಳೂ ಸಾಕುಪ್ರಾಣಿಗಳೂ ಅದನ್ನು ಬಾಯಿಗೆ ಹಾಕದಂತೆ ಎಚ್ಚರ ವಹಿಸಬೇಕು. ಈ ದೋಷವಿರುವಾಗ ದೂರದ ಪ್ರಯಾಣ ಕೈಗೊಂಡರೆ ಎಂಜಿನ್ ಅತಿಯಾಗಿ ಕಾದು ಕೆಡುತ್ತದೆ. ಕಾದ ಎಂಜಿನ್ನಿನ ಕೂಲಂಟ್ ಮುಚ್ಚಳವನ್ನು ತೆರೆಯಲೇಕೂಡದು.

ಇವಲ್ಲದೆ ಹಿಂದಿನ ದೀಪಗಳ ಹಿಂಬದಿಯ ರಬ್ಬರು, ಡಿಕ್ಕಿಯ ಬೀಡಿಂಗು, ಮಾಡಿನ ಮೇಲಣ ಆಂಟೆನಾದ ಬುಡ, ಹೊಸ ತಂತಿ ಎಳೆಯಲು ಎಂಜಿನ್ ಕಡೆಯ ತಗಡಿನಲ್ಲಿ ಕೊರೆದ ತೂತು, ಬದಲಾಯಿಸಿದ ಮುಂಗಾಜಿನ ಅಂಚು ಇವೂ ನೀರಿಗೆ ದಾರಿಯಾಗುತ್ತವೆ. ಡಿಕ್ಕಿಯಲ್ಲಿ ಹೆಚ್ಚುವರಿ ಚಕ್ರವಿಡುವ ಗುಂಡಿಯನ್ನು ಆಗಾಗ ಎತ್ತಿ ನೋಡಬೇಕು. ಎಷ್ಟೋ ಕಾರುಗಳಲ್ಲಿ ಅಲ್ಲಿ ನೀರು ನಿಂತಿರುವುದು ಚಕ್ರ ಪಂಕ್ಚರಾದ ದಿನವೇ ತಿಳಿಯುತ್ತದೆ.

ಕಾರಣವನ್ನು ಹುಡುಕುವ ಕ್ರಮ

ಹುಡುಕುವ ಮೊದಲು ಒಳಭಾಗವನ್ನು ಒಣಗಿಸಬೇಕು. ಒದ್ದೆಯ ಮೇಲೆ ಹೊಸ ಒದ್ದೆ ಕಾಣುವುದಿಲ್ಲ. ಅನಂತರ ಒಬ್ಬರು ಟಾರ್ಚ್ ಹಿಡಿದು ಒಳಗೆ ಕುಳಿತುಕೊಳ್ಳಬೇಕು. ಮತ್ತೊಬ್ಬರು ಹೊರಗಿನಿಂದ ಕೊಳಾಯಿಯ ನೀರನ್ನು ಸಣ್ಣ ಧಾರೆಯಾಗಿ ಹರಿಸಬೇಕು. ಮೊದಲು ಕೆಳಭಾಗ, ಆಮೇಲೆ ಬಾಗಿಲು, ಆಮೇಲೆ ಗಾಜಿನ ಅಂಚು, ಕೊನೆಗೆ ಮಾಡು ಹೀಗೆ ಕೆಳಗಿನಿಂದ ಮೇಲಕ್ಕೆ, ಒಂದೊಂದು ಭಾಗದಲ್ಲಿ ಕೆಲವು ನಿಮಿಷ ನಿಲ್ಲಿಸಿ ಮುಂದುವರಿಯಬೇಕು. ಮೊದಲೇ ಮಾಡಿನ ಮೇಲೆ ಸುರಿದರೆ ನೀರು ಎಲ್ಲ ಸಂದಿಗಳಿಗೂ ಹರಿದು, ಅಪರಾಧಿ ಯಾವುದೆಂಬುದು ಮರೆಯಾಗುತ್ತದೆ. ಬಾಗಿಲಿನ ಬೀಡಿಂಗನ್ನು ಪರೀಕ್ಷಿಸಲು ಕಾಗದದ ಪಟ್ಟಿಯೊಂದನ್ನು ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆಯಬೇಕು. ಬಿಗಿಯಿಲ್ಲದೆ ಜಾರಿ ಬಂದಲ್ಲಿ ರಬ್ಬರು ಕುಗ್ಗಿದೆಯೆಂದು ಅರ್ಥ. ಟಾಲ್ಕಂ ಪೌಡರನ್ನು ಒಳ ಅಂಚಿನಲ್ಲಿ ತೆಳುವಾಗಿ ಉದುರಿಸಿದರೆ ನೀರು ನಡೆದ ಗೆರೆ ಅದರ ಮೇಲೆ ಮೂಡುತ್ತದೆ.

ಗ್ಯಾರೇಜಿಗೆ ಕಾರನ್ನು ಒಯ್ದಾಗ "ನೀರು ಬರುತ್ತದೆ" ಎಂದಷ್ಟೇ ಹೇಳಿದರೆ ಸಾಲದು. ಕನ್ನಡದಲ್ಲಿ ನೀರಿನ ಬೇರೆ ಬೇರೆ ನಡೆಗೆ ಬೇರೆ ಬೇರೆ ಪದಗಳಿವೆ. ಬಿರುಕಿನಿಂದ ಇಳಿದರೆ ಸೋರುವುದು. ಸಣ್ಣ ಸಂದಿನಿಂದ ಮೆಲ್ಲನೆ ಹೊರಟರೆ ಜಿನುಗುವುದು, ಒಸರುವುದು. ಬಿಡಿ ಹನಿಯಾಗಿ ಬಿದ್ದರೆ ತೊಟ್ಟಿಕ್ಕುವುದು. ತಣ್ಣನೆಯ ಮೈಮೇಲೆ ತಾನಾಗಿ ಮೂಡಿದರೆ ಬೆವರುವುದು. ಮಾಲೀಕನು ಇವುಗಳಲ್ಲಿ ಯಾವುದು ನಡೆಯುತ್ತಿದೆಯೆಂದು ಗಮನಿಸಿ ಹೇಳಿದರೆ ಮೆಕ್ಯಾನಿಕ್ಕಿನ ಅರ್ಧ ಕೆಲಸ ಮುಗಿದಂತೆ. ಮಳೆಯಲ್ಲಿ ಮಾತ್ರವೋ, ತೊಳೆದಾಗಲೂ ಉಂಟೋ, ಎ.ಸಿ. ನಡೆದಾಗ ಮಾತ್ರವೋ, ಇಳಿಜಾರಿನಲ್ಲಿ ನಿಲ್ಲಿಸಿದಾಗ ಹೆಚ್ಚೋ, ಯಾವ ಬದಿಯಲ್ಲಿ ಎಂಬುದನ್ನು ಬರೆದುಕೊಂಡು ಹೋಗುವುದು ಉತ್ತಮ. ದೋಷವನ್ನು ನೀರು ಹರಿಸಿ ಕಣ್ಣಾರೆ ತೋರಿಸುವಂತೆಯೂ, ರಿಪೇರಿಯಾದ ಮೇಲೆ ನೆಲಹಾಸನ್ನು ಮರಳಿ ಹಾಕುವ ಮೊದಲೇ ಮತ್ತೊಮ್ಮೆ ನೀರು ಹರಿಸಿ ಪರೀಕ್ಷಿಸುವಂತೆಯೂ ಕೇಳಬೇಕು.

ಮುಂಗಾಜಿನ ಅಂಚಿನಲ್ಲಿ ಸೋರಿಕೆಯಿದ್ದರೆ ಅಂಗಡಿಯ ಸಿಲಿಕೋನ್ ಅಂಟನ್ನು ಮೆತ್ತಿಸಕೂಡದು. ಹುಳಿವಾಸನೆಯ ಸಿಲಿಕೋನ್ ಒಣಗುವಾಗ ಹೊರಡುವ ಆಮ್ಲ ತಗಡನ್ನು ತಿನ್ನುತ್ತದೆ; ಅದರ ಮೇಲೆ ಮುಂದೆ ಸರಿಯಾದ ಅಂಟೂ ಹಿಡಿಯುವುದಿಲ್ಲ. ಗಾಜನ್ನು ಬಿಡಿಸಿ, ತುಕ್ಕನ್ನು ತೆಗೆದು, ಅದಕ್ಕೆಂದೇ ಇರುವ ಯುರಿಥೇನ್ ಅಂಟಿನಿಂದ ಮತ್ತೆ ಕೂಡಿಸುವುದೇ ಕ್ರಮ. ಅಂಟು ಬಲಿಯುವವರೆಗೆ, ಗ್ಯಾರೇಜಿನವರು ಹೇಳಿದಷ್ಟು ಹೊತ್ತು, ಕಾರನ್ನು ಓಡಿಸಬಾರದು. ಮುಂಗಾಜು ಕಾರಿನ ದೇಹದ ಗಟ್ಟಿತನಕ್ಕೂ ಆಧಾರವೆಂಬುದನ್ನು ಮರೆಯಲಾಗದು.

ಒಣಗಿಸುವ ಕೆಲಸವೂ ರಿಪೇರಿಯ ಒಂದು ಅಂಗವೇ. ಆಸನಗಳನ್ನು ಬಿಚ್ಚಿ, ನೆಲಹಾಸನ್ನು ಎತ್ತಿ, ಸ್ಪಂಜಿನ ಪದರವನ್ನು ಹಿಂಡಿ, ಫ್ಯಾನಿನ ಗಾಳಿಯಲ್ಲಿ ಪೂರ್ತಿ ಒಣಗಿಸಬೇಕು. ಸುಗಂಧದ ಶೀಶೆ ವಾಸನೆಯನ್ನು ಮರೆಸುವುದೇ ಹೊರತು ತೇವವನ್ನು ತೆಗೆಯದು. ಆಸನದ ಕೆಳಗಿನ ಹಳದಿ ಬಣ್ಣದ ಕೂಡುವಿಕೆಗಳು ಏರ್‌ಬ್ಯಾಗಿಗೆ ಸಂಬಂಧಿಸಿದವು. ಅವನ್ನು ತಿಳಿದವರು ಮಾತ್ರ, ಬ್ಯಾಟರಿಯನ್ನು ಬಿಡಿಸಿದ ಮೇಲೆ, ಮುಟ್ಟಬೇಕು.

ಪ್ರವಾಹದ ನೀರು

ಸೋರಿಕೆ ಬೇರೆ, ಮುಳುಗಡೆ ಬೇರೆ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನ ಬೆಳ್ಳಂದೂರು ಮತ್ತು ಹೊರವರ್ತುಲ ರಸ್ತೆಯ ಸುತ್ತಮುತ್ತ ನೀರು ನುಗ್ಗಿದಾಗ ನೆಲಮಾಳಿಗೆಗಳಲ್ಲಿ ನಿಂತಿದ್ದ ಅನೇಕ ಕಾರುಗಳು ಮುಳುಗಿದುವು. ಹಾಗೆ ಮುಳುಗಿದ ಕಾರನ್ನು ನೀರು ಇಳಿದ ಮೇಲೂ ಚಾಲೂ ಮಾಡಬಾರದು. ಎಂಜಿನ್ ಗಾಳಿಯ ಜೊತೆಗೆ ನೀರನ್ನು ಸೆಳೆದುಕೊಂಡರೆ, ನೀರು ಗಾಳಿಯಂತೆ ಕುಗ್ಗದಿರುವುದರಿಂದ, ಒಳಗಿನ ಉಕ್ಕಿನ ತೋಳುಗಳೇ ಬಾಗಿಹೋಗುತ್ತವೆ. ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯುವುದೊಂದೇ ಮಾರ್ಗ. ವಿದ್ಯುತ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ತಂತಿಗಳನ್ನು ಯಾರೂ ಮುಟ್ಟಕೂಡದು. ಕಾನೂನು ಕಡ್ಡಾಯಪಡಿಸಿರುವ ಮೂರನೆಯವರ ವಿಮೆ ಸ್ವಂತ ಕಾರಿನ ಹಾನಿಯನ್ನು ತುಂಬಿಕೊಡುವುದಿಲ್ಲ. ಪ್ರವಾಹದ ಹಾನಿಗೆ ಸಮಗ್ರ ವಿಮೆ ಬೇಕು. ನೀರಿನಲ್ಲಿ ಚಾಲೂ ಮಾಡಿದ್ದರಿಂದ ಕೆಟ್ಟ ಎಂಜಿನ್ನಿಗೆ ಅದಕ್ಕೆಂದೇ ಪಡೆದ ಹೆಚ್ಚುವರಿ ರಕ್ಷಣೆಯಿಲ್ಲದಿದ್ದರೆ ಪರಿಹಾರ ದೊರೆಯುವುದು ಕಷ್ಟ. ತಿಂಗಳುಗಟ್ಟಲೆ ಸೋರಿ ಹಿಡಿದ ತುಕ್ಕಿಗಂತೂ ವಿಮೆಯಿಂದ ಏನೂ ಬಾರದು. ಅದು ಮಾಲೀಕನ ಅಲಕ್ಷ್ಯದ ಲೆಕ್ಕಕ್ಕೆ ಸೇರಿಹೋಗುತ್ತದೆ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ವಿಜಯಪುರದ ಕಡೆ ಸುಮಾರು 600 ಮಿಲಿಮೀಟರು ಮಾತ್ರ. ಆದರೂ ಬಯಲುಸೀಮೆಯವರು ನಿಶ್ಚಿಂತರಾಗಿರುವಂತಿಲ್ಲ. ಮಲೆನಾಡಿನಲ್ಲಿ ಎಲೆ ಮಾಡುವ ಕೆಲಸವನ್ನು ಅಲ್ಲಿ ಧೂಳು ಮಾಡುತ್ತದೆ. ಆದುದರಿಂದ ಎಲ್ಲಿಯವರೇ ಆಗಲಿ, ರೈತನು ಮಳೆಗೆ ಮುಂಚೆ ಮಾಡು ಕೈಯಾಡಿಸುವಂತೆ, ಪ್ರತಿವರ್ಷ ಮೇ ತಿಂಗಳಿನಲ್ಲಿ ಒಂದು ಬೆಳಗನ್ನು ಈ ಕೆಲಸಕ್ಕೆ ಮೀಸಲಿಡಬೇಕು. ಜಾಲರಿಯ ಕಸವನ್ನು ತೆಗೆಯುವುದು, ಬಾಗಿಲಿನ ರಂಧ್ರಗಳನ್ನು ಕಡ್ಡಿಯಿಂದ ಬಿಡಿಸುವುದು, ಸನ್‌ರೂಫಿನ ತಟ್ಟೆಗೆ ನೀರು ಸುರಿದು ನೋಡುವುದು, ರಬ್ಬರುಗಳನ್ನು ಒರಸಿ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರುವುದು, ಡಿಕ್ಕಿಯ ಗುಂಡಿಯನ್ನು ಮುಟ್ಟಿ ನೋಡುವುದು ಇಷ್ಟೇ ಆ ಕೆಲಸ. ಎಂಜಿನ್ ಎಣ್ಣೆಯನ್ನು ಮಾತ್ರ ರಬ್ಬರಿಗೆ ಹಚ್ಚಬಾರದು. ಅದು ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಇದಕ್ಕೆ ಹಣದ ಖರ್ಚು ಇಲ್ಲವೆಂದೇ ಹೇಳಬಹುದು. ಮನೆಯ ಮಕ್ಕಳೂ ಜೊತೆಗೂಡಿ ಮಾಡಬಹುದಾದ ಕೆಲಸವಿದು. ನೀರಿಗೆ ಹೊರಹೋಗುವ ದಾರಿಯನ್ನು ಹೀಗೆ ತೆರೆದಿಟ್ಟವರ ಕಾರಿನಲ್ಲಿ ಮಳೆಗಾಲದ ರಾತ್ರಿಯೂ ಗಾಜು ತಿಳಿಯಾಗಿರುತ್ತದೆ, ದಾರಿ ಕಾಣುತ್ತದೆ.